ಹೊಸ ತಂತ್ರಜ್ಞಾನದ ಸುದ್ದಿಯನ್ನು ಹೊಲಕ್ಕಿಳಿಸುವ ಮುನ್ನ



ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಪುಟ್ಟ ಕೇಂದ್ರಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಬಹುಕಾಲ ನಮ್ಮ ಕಡೆಯ ರೈತರು ಹೊಸ ತಳಿ, ಹೊಸ ಗೊಬ್ಬರ, ಹೊಸ ಔಷಧಿಗಳ ವಿಚಾರವನ್ನು ಕೇಳುತ್ತಿದ್ದುದು ಬಾನುಲಿಯ ಕೃಷಿ ಕಾರ್ಯಕ್ರಮಗಳಲ್ಲಿ. ಮಾತನಾಡುವವರು ಯಾರು, ಯಾವ ಸಂಶೋಧನಾ ಕೇಂದ್ರದವರು ಎಂಬುದು ಕೇಳುವವರಿಗೆ ತಿಳಿದಿರುತ್ತಿತ್ತು. ಈಗ ಸುದ್ದಿ ಜೇಬಿನಲ್ಲಿರುವ ಮೊಬೈಲಿಗೇ ಬರುತ್ತದೆ. ಕಳುಹಿಸಿದವರು ನೆಂಟರು, ಅವರಿಗೆ ಕಳುಹಿಸಿದವರು ಇನ್ನಾರೋ. ಮೂಲ ಯಾವುದೆಂದು ಹುಡುಕುತ್ತ ಹೋದರೆ ಸಿಗುವುದಿಲ್ಲ.

ಮೈಸೂರಿನ ರೈತ ದಸರೆಯಂತಹ ಮೇಳಗಳಲ್ಲಿ ನಮ್ಮನ್ನು ಕೇಳುವ ಪ್ರಶ್ನೆಗಳೂ ಬದಲಾಗಿವೆ. “ಯಾವ ಬೀಜ ಹಾಕಲಿ?” ಎಂದು ಕೇಳುತ್ತಿದ್ದವರು ಈಗ ಮೊಬೈಲನ್ನು ಮುಂದೆ ಹಿಡಿದು “ಇದು ನಿಜವೇ ಸಾರ್?” ಎನ್ನುತ್ತಾರೆ. ಪ್ರಶ್ನೆ ಸರಿಯಾದುದೇ. ಸಂಶೋಧನಾ ಕ್ಷೇತ್ರದಲ್ಲಿ ನಮ್ಮದೊಂದು ಪ್ರಯೋಗ ಕೆಟ್ಟರೆ ಮುಂದಿನ ವರ್ಷ ಮತ್ತೆ ಮಾಡುತ್ತೇವೆ, ಅದರಿಂದ ನಮ್ಮ ಸಂಬಳವೇನೂ ನಿಲ್ಲುವುದಿಲ್ಲ. ನಿಮ್ಮ ಮೂರು ಎಕರೆಯಲ್ಲಿ ಪ್ರಯೋಗ ಕೆಟ್ಟರೆ ಆ ವರ್ಷದ ಅನ್ನ, ಸೊಸೈಟಿ ಸಾಲದ ಕಂತು, ಮಕ್ಕಳ ಕಾಲೇಜಿನ ಶುಲ್ಕ ಎಲ್ಲಕ್ಕೂ ಪೆಟ್ಟು ಬೀಳುತ್ತದೆ. ಆದಕಾರಣ ಇತ್ತೀಚೆಗೆ ಹೆಚ್ಚು ಸದ್ದು ಮಾಡಿದ ಕೆಲವು ಸುದ್ದಿಗಳನ್ನು ಎತ್ತಿಕೊಂಡು, ಅವನ್ನು ಬೇಸಾಯಗಾರನ ಲೆಕ್ಕದಲ್ಲಿ ತೂಗಿ ನೋಡೋಣ.

ಬಾಟಲಿಯೊಳಗಿನ ಮೂಟೆ

2021ರಲ್ಲಿ ಇಫ್ಕೋ ಸಹಕಾರ ಸಂಸ್ಥೆಯು ದ್ರವರೂಪದ ನ್ಯಾನೋ ಯೂರಿಯಾವನ್ನು ಹೊರತಂದಿತು. ಅರ್ಧ ಲೀಟರಿನ ಒಂದು ಬಾಟಲಿಯು 45 ಕಿಲೋ ತೂಕದ ಒಂದು ಮೂಟೆ ಯೂರಿಯಾಕ್ಕೆ ಸಮ ಎಂದು ಪ್ರಚಾರ ಮಾಡಲಾಯಿತು. ಮೂಟೆ ಹೊರುವ ಕಷ್ಟ ತಪ್ಪುವುದೆಂದರೆ ಯಾರಿಗೆ ಬೇಡ? ಆದರೆ ಮೂಟೆಯ ಮೇಲೆ ಮತ್ತು ಬಾಟಲಿಯ ಮೇಲೆ ಅಚ್ಚಾಗಿರುವ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಯೂರಿಯಾದಲ್ಲಿ ಶೇಕಡ 46 ಸಾರಜನಕವಿದೆ. 45 ಕಿಲೋ ಮೂಟೆಯಲ್ಲಿ 20 ಕಿಲೋ 700 ಗ್ರಾಂ ಆಯಿತು. 2021ರ ನ್ಯಾನೋ ಯೂರಿಯಾದಲ್ಲಿದ್ದುದು ಶೇಕಡ 4. ಅರ್ಧ ಲೀಟರಿನಲ್ಲಿ 20 ಗ್ರಾಂ. ಒಂದು ಇನ್ನೊಂದರ ಸಾವಿರ ಪಾಲು!

ಹರಳು ಯೂರಿಯಾದಲ್ಲಿ ಬಹುಪಾಲು ಪೋಲಾಗುತ್ತದೆ, ದ್ರವವಾದರೆ ನೇರವಾಗಿ ಎಲೆಗೆ ಸೇರುತ್ತದೆ ಎಂಬುದು ಇದಕ್ಕೆ ಕೊಡುವ ಸಮಾಧಾನ. ಪೋಲಾಗುವುದು ನಿಜ. ಗದ್ದೆಯಲ್ಲಿ ಹಾಕಿದ ಯೂರಿಯಾದ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಗೆ ಹಾರಿ, ನೀರಿನೊಡನೆ ಬಸಿದು ನಷ್ಟವಾಗುವುದುಂಟು. ಮೂರರಲ್ಲಿ ಎರಡು ಪಾಲು ಹೋಯಿತೆಂದೇ ಇಟ್ಟುಕೊಳ್ಳಿ. ಪೈರಿಗೆ ಇನ್ನೂ ಸುಮಾರು 7 ಕಿಲೋ ಉಳಿಯಿತು. ಬಾಟಲಿಯ ದ್ರವ ಒಂದು ಹನಿಯೂ ಪೋಲಾಗದೆ ಎಲೆಗೆ ಸೇರಿದರೂ ಕೊಡುವುದು 20 ಗ್ರಾಂ ಮಾತ್ರ. ಒಂದು ಕ್ವಿಂಟಾಲ್ ಭತ್ತ ಬೆಳೆಯಲು ಪೈರು ಸುಮಾರು ಒಂದೂವರೆಯಿಂದ ಎರಡು ಕಿಲೋ ಸಾರಜನಕವನ್ನು ಹೀರುತ್ತದೆ. ಈ ಲೆಕ್ಕದಲ್ಲಿ ಬಾಟಲಿಯೊಳಗಿನ ಸಾರಜನಕ ಒಂದು ಕಿಲೋ ಭತ್ತಕ್ಕೆ, ಹೆಚ್ಚೆಂದರೆ ಅದಕ್ಕಿಂತ ತುಸು ಮೇಲಕ್ಕೆ ಸಾಕು. ಕಣದ ಮೂಲೆಯಲ್ಲಿ ಗುಬ್ಬಿಗಳು ತಿಂದುಹೋಗುವಷ್ಟು.

ಎಲೆಯ ಮೇಲೆ ಗೊಬ್ಬರ ಸಿಂಪಡಿಸುವುದು ನಮಗೆ ಹೊಸತೂ ಅಲ್ಲ. ಶೇಕಡ 2ರ ಯೂರಿಯಾ ದ್ರಾವಣವನ್ನು, ಅಂದರೆ ಲೀಟರ್ ನೀರಿಗೆ 20 ಗ್ರಾಂ ಹಾಕಿ, ಬಾಡಿದ ಪೈರಿಗೆ ಚೇತರಿಕೆಗಾಗಿ ಹೊಡೆಯುವುದನ್ನು ನೀವು ಬಲ್ಲಿರಿ. ಎಕರೆಗೆ 200 ಲೀಟರ್ ಸಿಂಪಡಿಸಿದರೆ 4 ಕಿಲೋ ಯೂರಿಯಾ ಖರ್ಚು. ಸಾರಜನಕ 1 ಕಿಲೋ 840 ಗ್ರಾಂ. ಹೊಸ ಬಾಟಲಿ ಒದಗಿಸುವುದರ 90 ಪಟ್ಟು.

ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಎರಡು ವರ್ಷ ಇದನ್ನು ಹೊಲದಲ್ಲಿ ಪರೀಕ್ಷಿಸಿದರು. ಅವರ ಫಲಿತಾಂಶ 2024ರಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ಶಿಫಾರಸಿನ ಯೂರಿಯಾ ಕೊಟ್ಟ ತಾಕುಗಳಿಗೆ ಹೋಲಿಸಿದರೆ ನ್ಯಾನೋ ಯೂರಿಯಾ ಬಳಸಿದ ಕಡೆ ಗೋಧಿಯ ಇಳುವರಿ ಶೇಕಡ 21.6ರಷ್ಟು, ಭತ್ತದ ಇಳುವರಿ ಶೇಕಡ 13ರಷ್ಟು ಇಳಿಯಿತು. ಕಾಳಿನ ಸಸಾರಜನಕವೂ ತಗ್ಗಿತು. 2024ರಲ್ಲಿ ಶೇಕಡ 16 ಸಾರಜನಕವುಳ್ಳ ಹೊಸ ರೂಪ ಬಂದಿತು. ಆಗಲೂ ಅರ್ಧ ಲೀಟರಿನಲ್ಲಿ ನೂರು ಗ್ರಾಂ ಆಸುಪಾಸು. ಯೂರಿಯಾ ಮೂಟೆ ಬೇಕಾದರೆ ಬಾಟಲಿಯನ್ನೂ ಕೊಳ್ಳಬೇಕೆಂದು ಕೆಲವು ಅಂಗಡಿಗಳಲ್ಲಿ ಒತ್ತಾಯಿಸಿದ ದೂರುಗಳೂ ಇವೆ. ಕೊಂಡಾಗಿದ್ದರೆ ಸಿಂಪಡಿಸಿ, ಬೇಡವೆನ್ನುವುದಿಲ್ಲ. ಆದರೆ ಅದನ್ನು ನಂಬಿ ಮೇಲುಗೊಬ್ಬರವನ್ನು ಬಿಡಬೇಡಿ.

ಮಳೆ ಹೇಳುವ ಯಂತ್ರ

ಹವಾಮಾನ ಮುನ್ಸೂಚನೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಇಲ್ಲಿ ನಿಜವಾದ ಪ್ರಗತಿಯಾಗಿದೆ. 2025ರ ಮುಂಗಾರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಕೃತಕ ಬುದ್ಧಿಮತ್ತೆಯ ನೆರವಿನಿಂದ ಸಿದ್ಧಪಡಿಸಿದ ಮುಂಗಾರು ಆರಂಭದ ಮುನ್ಸೂಚನೆಯನ್ನು 13 ರಾಜ್ಯಗಳ ಸುಮಾರು 3.8 ಕೋಟಿ ರೈತರಿಗೆ ಮೊಬೈಲ್ ಸಂದೇಶದ ಮೂಲಕ ಕಳುಹಿಸಿತು. ಹಿಂದೆ ಗಾಳಿ, ತೇವ, ಉಷ್ಣತೆಗಳ ಸಮೀಕರಣಗಳನ್ನು ಭಾರಿ ಗಣಕಯಂತ್ರಗಳಲ್ಲಿ ಬಿಡಿಸಿ ಮುನ್ಸೂಚನೆ ಕೊಡುತ್ತಿದ್ದರು. ಹೊಸ ವಿಧಾನದಲ್ಲಿ ಯಂತ್ರವು ಹಲವು ದಶಕಗಳ ಹವಾಮಾನ ದಾಖಲೆಗಳಿಂದ ತಾನೇ ಪಾಠ ಕಲಿಯುತ್ತದೆ. ನಮ್ಮ ಹಿರಿಯರು ಅನುಭವದಿಂದ ಮಾಡುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ, ಅವರ ದಾಖಲೆ ಮಾತ್ರ ಒಂದು ಊರಿನದಾಗಿತ್ತು. ಆ ವರ್ಷ ಮುಂಗಾರು ಕೆಲಕಾಲ ಮುಂದುವರಿಯದೆ ನಿಲ್ಲುವುದನ್ನೂ ಈ ವಿಧಾನ ಮುಂಚಿತವಾಗಿ ಗುರುತಿಸಿತೆಂದು ಸಚಿವಾಲಯ ತಿಳಿಸಿತು. 2025ರ ಮೇ ತಿಂಗಳಿನಲ್ಲೇ ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ಹೊಸ ವ್ಯವಸ್ಥೆಯೂ ಬಂದಿತು. ಅದು ದೇಶವನ್ನು 6 ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತದೆ. ಅದಕ್ಕೆ ಮೊದಲು ಚೌಕ 12 ಕಿಲೋಮೀಟರಿನದಾಗಿತ್ತು.

ಇಷ್ಟೆಲ್ಲ ಇದ್ದರೂ ಮೈಸೂರು ಸೀಮೆಯ ರೈತರು ಎರಡು ವಿಷಯಗಳನ್ನು ಗಮನದಲ್ಲಿಡಬೇಕು. 6 ಕಿಲೋಮೀಟರಿನ ಒಂದು ಚೌಕವೆಂದರೆ ಸುಮಾರು 8,900 ಎಕರೆ. ನಿಮ್ಮ ಮೂರು ಎಕರೆ ಅದರೊಳಗೆ ಎಲ್ಲೋ ಒಂದು ಚುಕ್ಕೆ. ಚಾಮುಂಡಿ ಬೆಟ್ಟದ ಒಂದು ಮಗ್ಗುಲಿಗೆ ಮಳೆ ಸುರಿದು ಇನ್ನೊಂದು ಮಗ್ಗುಲು ಒಣಗಿರುವುದನ್ನು ಎಷ್ಟು ಸಲ ಕಂಡಿಲ್ಲ?

ಎರಡನೆಯದು ಇನ್ನೂ ಮುಖ್ಯ. ಆ ಸಂದೇಶ ಹೇಳುವುದು ಮುಂಗಾರು ಮಾರುತದ ಆಗಮನವನ್ನು. ಅದು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. ಎಚ್.ಡಿ. ಕೋಟೆ, ನಂಜನಗೂಡುಗಳ ಹತ್ತಿ ಬಿತ್ತನೆಯಾಗಲಿ, ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ನಾಟಿಯಾಗಲಿ ಅದಕ್ಕಾಗಿ ಕಾದು ಕೂರುವುದಿಲ್ಲ. ಅವು ನಡೆಯುವುದು ಬಹುಮಟ್ಟಿಗೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ, ನೀವು ಭರಣಿ, ಕೃತ್ತಿಕೆ ಎಂದು ಕರೆಯುವ ಮಳೆಗಳಲ್ಲಿ. ಆ ಮೋಡಗಳು ಮಧ್ಯಾಹ್ನದ ಕಾವಿಗೆ ಹುಟ್ಟಿ ಸಂಜೆಗೆ ಕರಗುವಂಥವು. ಉತ್ತರ ಭಾರತದ ಭತ್ತದ ರೈತನಿಗೆ ಬಹಳ ಉಪಯುಕ್ತವಾದ ಸಂದೇಶ ಕೋಟೆಯ ಹತ್ತಿ ಬೆಳೆಗಾರನಿಗೆ ಅಷ್ಟು ಉಪಯುಕ್ತವಲ್ಲ. ರಾಗಿ ಬಿತ್ತುವವರಿಗೆ ಮಾತ್ರ, ನಡುವೆ ಮಳೆ ಬಿಡುವು ಕೊಡುವುದನ್ನು ಮೊದಲೇ ತಿಳಿಸಿದರೆ, ಅದರ ಬೆಲೆ ದೊಡ್ಡದು. ಬಿತ್ತಿದ ಮೇಲೆ ಮೊಳಕೆ ಕಮರಿ ಎರಡನೆಯ ಸಲ ಬೀಜ ಕೊಳ್ಳುವ ಖರ್ಚು ಏನೆಂದು ಅವರಿಗೆ ಗೊತ್ತು.

ಸಂದೇಶ ಬಂದ ದಿನವೂ ಸನಿಕೆ ಹಿಡಿದು ಒಂದು ಗೇಣು ಆಳಕ್ಕೆ ಅಗೆದು ಹಸಿ ಎಷ್ಟಿದೆ ನೋಡಿ ಬಿತ್ತುವುದೇ ಲೇಸು.

ವಂಶವಾಹಿ ತಿದ್ದಿದ ಭತ್ತ

2025ರ ಮೇ 4ರಂದು ವಂಶವಾಹಿ ತಿದ್ದುಪಡಿಯಿಂದ ಪಡೆದ ಎರಡು ಭತ್ತದ ತಳಿಗಳನ್ನು ಕೇಂದ್ರ ಕೃಷಿ ಸಚಿವರು ಪ್ರಕಟಿಸಿದರು. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ‘ಕಮಲಾ’ ಸಾಂಬಾ ಮಹ್ಸೂರಿಯಿಂದ ಬಂದದ್ದು, ಮತ್ತೊಂದು ಎಂ.ಟಿ.ಯು. 1010 ತಳಿಯಿಂದ. (ಮಹ್ಸೂರಿ ಎಂಬುದು ನಮ್ಮ ಮೈಸೂರಿನ ಅಪಭ್ರಂಶವೆಂದು ಹಲವರು ತಿಳಿದಿದ್ದಾರೆ. ಅದು ಮಲೇಷ್ಯಾದ ಹೆಸರು. ಆ ತಳಿ ಅಲ್ಲಿ ಬಿಡುಗಡೆಯಾದದ್ದು 1965ರಲ್ಲಿ.) ಬಿ.ಟಿ. ಹತ್ತಿಯಲ್ಲಿ ಮಾಡಿದಂತೆ ಇಲ್ಲಿ ಬೇರೆ ಜೀವಿಯ ವಂಶವಾಹಿಯನ್ನು ತಂದು ಸೇರಿಸಿಲ್ಲ. ಗಿಡದಲ್ಲೇ ಇರುವ ವಂಶವಾಹಿಯ ಒಂದು ಕಡೆ ಸಣ್ಣ ಕತ್ತರಿ ಪ್ರಯೋಗ ಮಾಡಿ ಅದರ ಕೆಲಸವನ್ನು ಬದಲಿಸಲಾಗಿದೆ. ಈ ಕತ್ತರಿಯನ್ನು ಕಂಡುಕೊಂಡ ಇಬ್ಬರು ಮಹಿಳಾ ವಿಜ್ಞಾನಿಗಳಾದ ಶಾರ್ಪೆಂಟಿಯೇ ಮತ್ತು ಡೌಡ್ನಾ ಅವರಿಗೆ 2020ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು.

ಕಮಲಾ ತಳಿಯ ಬಗ್ಗೆ ಎಲ್ಲರೂ ಹಿಡಿದುಕೊಂಡದ್ದು ‘ಶೇಕಡ 19 ಹೆಚ್ಚು ಇಳುವರಿ’ ಎಂಬ ಮಾತನ್ನು. ಯಾವುದಕ್ಕಿಂತ ಹೆಚ್ಚು? ಸಾಂಬಾ ಮಹ್ಸೂರಿಗಿಂತ. ನೀವು ಜ್ಯೋತಿಯನ್ನೋ ಸಂಕರಣ ತಳಿಯನ್ನೋ ಬೆಳೆಯುವವರಾದರೆ ಆ 19 ನಿಮ್ಮದಲ್ಲ. ಈ ಅಂಕಿಗಳನ್ನು ಪ್ರಶ್ನಿಸಿದ ಸಂಘಟನೆಗಳಿವೆ, ಕೃಷಿ ಅನುಸಂಧಾನ ಪರಿಷತ್ತು ಆ ಆಕ್ಷೇಪಣೆಗಳನ್ನು ನಿರಾಕರಿಸಿದೆ. ಆ ವಾದವನ್ನು ಇಲ್ಲಿ ಬೆಳೆಸುವುದಿಲ್ಲ. ಬೇಸಾಯಶಾಸ್ತ್ರದವನಾಗಿ ನನ್ನ ಕಣ್ಣು ಹೋದದ್ದು ಅದೇ ಪ್ರಕಟಣೆಯಲ್ಲಿದ್ದ ಇನ್ನೊಂದು ಮಾತಿನ ಮೇಲೆ: ಮೂಲ ತಳಿಗಿಂತ 20 ದಿನ ಮೊದಲು ಕೊಯ್ಲಿಗೆ ಬರುತ್ತದೆ. ಕಬಿನಿ ನಾಲೆಗೆ ನೀರು ತಡವಾಗಿ ಬಿಟ್ಟ ವರ್ಷದಲ್ಲಿ 20 ದಿನವೆಂದರೆ ಕೊನೆಯ ಎರಡು ಮೂರು ನೀರು ಉಳಿದಂತೆ. ನಮ್ಮ ಮಣ್ಣಿನಲ್ಲಿ, ನಮ್ಮ ಚಳಿಯಲ್ಲಿ ಅದು ನಿಲ್ಲುವುದೇ ಎಂಬುದನ್ನು ನೋಡಬೇಕು. ತಳಿ ಪ್ರಕಟವಾದ ಮೇಲೂ ತಳಿವರ್ಧಕರ ಬೀಜ, ಮೂಲ ಬೀಜ, ಪ್ರಮಾಣಿತ ಬೀಜ ಎಂದು ಹಂತ ಹಂತವಾಗಿ ಬೆಳೆಸಬೇಕಾಗುತ್ತದೆ. ಬಿಡಿ ಚೀಲದಲ್ಲಿ ‘ಕಮಲಾ’ ಎಂದು ಬರೆದು ಯಾರಾದರೂ ಮನೆಬಾಗಿಲಿಗೆ ತಂದರೆ ಪ್ರಮಾಣೀಕರಣದ ಚೀಟಿಯನ್ನು ಕೇಳಿ.

ನಂಜನಗೂಡು ರಸಬಾಳೆಯ ಬೆಳೆಗಾರರಿಗೂ ಒಂದು ಮಾತು. 2024ರಲ್ಲಿ ಆಸ್ಟ್ರೇಲಿಯಾದಲ್ಲಿ ಪನಾಮ ಸೊರಗು ರೋಗ ತಡೆಯುವ ಬಾಳೆಗೆ ಒಪ್ಪಿಗೆ ಸಿಕ್ಕಿದ ಸುದ್ದಿಯನ್ನು ಓದಿ ಆಸೆಪಟ್ಟವರಿದ್ದಾರೆ. ಅದು ಕ್ಯಾವೆಂಡಿಶ್ ಬಾಳೆ. ಅದು ತಡೆಯುವುದು ಆ ಶಿಲೀಂಧ್ರದ ನಾಲ್ಕನೆಯ ಪ್ರಭೇದವನ್ನು. ನಮ್ಮ ರಸಬಾಳೆಯನ್ನು ಹಾಳು ಮಾಡಿದ್ದು ಒಂದನೆಯ ಪ್ರಭೇದ. ರೋಗದ ಹೆಸರು ಒಂದೇ, ಗಿಡ ಬೇರೆ, ಶತ್ರುವೂ ಬೇರೆ.

ಎಲೆಯ ಫೋಟೋ, ಯಂತ್ರದ ಉತ್ತರ

ಗಣಕಯಂತ್ರ ನಮ್ಮ ರೈತರಿಗೆ ಹೊಸತಲ್ಲ. 2000ದಿಂದ ಆಚೆಗೆ ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ಪಹಣಿಗಾಗಿ ಅಲೆಯುವುದು ತಪ್ಪಿತು. ಆದರೆ ಕೈಬರಹದಲ್ಲಿ ತಪ್ಪಿದ್ದ ಹೆಸರು, ತಪ್ಪಿದ್ದ ವಿಸ್ತೀರ್ಣ ಅಚ್ಚುಕಟ್ಟಾದ ಮುದ್ರಣದಲ್ಲಿಯೂ ತಪ್ಪಾಗಿಯೇ ಬಂದವು. ಯಂತ್ರ ತನಗೆ ಕೊಟ್ಟದ್ದನ್ನೇ ಕೊಡುತ್ತದೆ.

ಎಲೆಯ ಫೋಟೋ ನೋಡಿ ರೋಗ ಹೇಳುವ ತಂತ್ರಾಂಶದ ಕಥೆಯೂ ಇದೇ. 2016ರಲ್ಲಿ ಪ್ರಕಟವಾದ ಪ್ರಸಿದ್ಧ ಸಂಶೋಧನೆಯೊಂದರಲ್ಲಿ 54 ಸಾವಿರಕ್ಕೂ ಹೆಚ್ಚು ಎಲೆಗಳ ಚಿತ್ರಗಳಿಂದ ಯಂತ್ರಕ್ಕೆ ಪಾಠ ಹೇಳಿಸಲಾಯಿತು. ಅದು ಶೇಕಡ 99ರಷ್ಟು ಸರಿಯುತ್ತರ ಕೊಟ್ಟಿತು. ಪತ್ರಿಕೆಗಳು ಬರೆದದ್ದು ಇಷ್ಟೇ. ಎಲೆಗಳನ್ನು ಕಿತ್ತು ಒಂದೇ ಬಣ್ಣದ ಹಿನ್ನೆಲೆಯಲ್ಲಿಟ್ಟು ತೆಗೆದ ಚಿತ್ರಗಳವು. ಬೇರೆ ಕಡೆ, ಬೇರೆ ರೀತಿಯಲ್ಲಿ ತೆಗೆದ ಚಿತ್ರಗಳನ್ನು ತೋರಿಸಿದಾಗ ಸರಿಯುತ್ತರ ಶೇಕಡ 31ಕ್ಕೆ ಇಳಿಯಿತೆಂದು ಅದೇ ಲೇಖನದಲ್ಲಿ ಪ್ರಾಮಾಣಿಕವಾಗಿ ಬರೆದಿದ್ದರು. ಅಲ್ಲಿದ್ದ 14 ಬೆಳೆಗಳಲ್ಲಿ ಸೇಬು, ದ್ರಾಕ್ಷಿ, ಟೊಮೆಟೊ ಇದ್ದವು. ಭತ್ತವೂ ಇರಲಿಲ್ಲ, ರಾಗಿಯೂ ಇರಲಿಲ್ಲ. ನಂತರ ತಂತ್ರಾಂಶಗಳು ಸುಧಾರಿಸಿವೆ. ಆದರೂ ಎಲೆ ಹಳದಿಯಾಗುವುದು ಸಾರಜನಕದ ಕೊರತೆಯಿಂದಲೂ ಆಗಬಹುದು, ಕಬ್ಬಿಣಾಂಶದ ಕೊರತೆಯಿಂದಲೂ, ನೀರು ನಿಂತದ್ದರಿಂದಲೂ ಆಗಬಹುದು. ಬೇರನ್ನು ಕಿತ್ತು ನೋಡದೆ ಹೇಳಲು ನಮಗೂ ಕಷ್ಟ.

2022ರ ಕೊನೆಯಿಂದ ಪ್ರಚಾರಕ್ಕೆ ಬಂದ, ಕೇಳಿದ್ದಕ್ಕೆಲ್ಲ ಮಾತಿನಲ್ಲಿ ಉತ್ತರಿಸುವ ಯಂತ್ರಗಳು ಕನ್ನಡವನ್ನೂ ಕಲಿತಿವೆ. ಇಂಗ್ಲಿಷಿನ ಸುತ್ತೋಲೆಯನ್ನು ಓದಿಸಿಕೊಳ್ಳಲು, ಅರ್ಜಿ ಬರೆಸಿಕೊಳ್ಳಲು ಧಾರಾಳವಾಗಿ ಬಳಸಿ. ಔಷಧಿಯ ಪ್ರಮಾಣವನ್ನು ಮಾತ್ರ ಅದರಿಂದ ಕೇಳಬೇಡಿ. ಗೊತ್ತಿಲ್ಲದುದನ್ನೂ ಗೊತ್ತಿರುವವರ ಧಾಟಿಯಲ್ಲೇ ಹೇಳುವುದು ಅದರ ಸ್ವಭಾವ. ಎಕರೆಗೆ ಇಂತಿಷ್ಟು ಎಂಬುದನ್ನು ಲೀಟರಿಗೆ ಇಂತಿಷ್ಟು ಎಂದುಬಿಟ್ಟರೆ ಸುಟ್ಟುಹೋಗುವುದು ನಿಮ್ಮ ಬೆಳೆ, ವಿಷವೇರುವುದು ಸಿಂಪಡಿಸುವವನಿಗೆ. ಡಬ್ಬಿಯ ಮೇಲಿನ ಚೀಟಿಯನ್ನು ಓದಿ. ಸಂದೇಹವಿದ್ದರೆ 2004ರಿಂದ ನಡೆಯುತ್ತಿರುವ ಕಿಸಾನ್ ಕರೆ ಕೇಂದ್ರಕ್ಕೆ 1800-180-1551ಕ್ಕೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ಸುತ್ತೂರಿನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ರೋಗ ಬಿದ್ದ ಗಿಡವನ್ನು ಬೇರುಸಹಿತ ಅಲ್ಲಿಗೆ ಒಯ್ಯಿರಿ.

ಐದು ಗುಂಟೆಯ ಪರೀಕ್ಷೆ

ಹೊಸತನ್ನು ಮಾಡಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಹಾಗೆ ಎಲ್ಲರೂ ಕೂತಿದ್ದರೆ ನಮ್ಮ ಸೀಮೆಗೆ ಸಾಲು ಬಿತ್ತನೆಯೂ ಬರುತ್ತಿರಲಿಲ್ಲ, ಹನಿ ನೀರಾವರಿಯೂ ಬರುತ್ತಿರಲಿಲ್ಲ. ಮೆಚ್ಚಿದ ಹೊಸ ವಸ್ತುವನ್ನು ಮೊದಲ ಹಂಗಾಮಿನಲ್ಲಿ ಐದು ಗುಂಟೆಯಲ್ಲಿ ಮಾತ್ರ ಬಳಸಿ. ಅದರ ಮಗ್ಗುಲಲ್ಲೇ, ಅದೇ ಮಣ್ಣು, ಅದೇ ನೀರು, ಅದೇ ದಿನದ ನಾಟಿ ಇರುವ ಐದು ಗುಂಟೆಯಲ್ಲಿ ನಿಮ್ಮ ಹಳೆಯ ಪದ್ಧತಿಯನ್ನೇ ನಡೆಸಿ. ಹೊಸ ತಾಕಿಗೆ ಪ್ರೀತಿಯಿಂದ ಒಂದು ಕಳೆ ಹೆಚ್ಚು ತೆಗೆಯುವುದು, ಒಂದು ನೀರು ಹೆಚ್ಚು ಹಾಯಿಸುವುದು ಸಹಜ. ಹಾಗೆ ಮಾಡಿದರೆ ಪರೀಕ್ಷೆ ಕೆಟ್ಟಂತೆ. ಎರಡಕ್ಕೂ ಮಾಡಿದ ಖರ್ಚನ್ನು ಒಂದು ನೋಟ್ ಪುಸ್ತಕದಲ್ಲಿ ಬೇರೆ ಬೇರೆಯಾಗಿ ಬರೆದಿಡಿ.

ಕೊಯ್ಲಿನಲ್ಲಿ ಬದುವಿನ ಅಂಚಿನ ಸಾಲುಗಳನ್ನು ಬಿಟ್ಟು ಪ್ರತಿ ತಾಕಿನ ನಡುವೆ ಒಂದು ಗುಂಟೆಯನ್ನು ಅಳೆದು ಬೇರೆಯಾಗಿ ಕೊಯ್ಯಿರಿ. ಎರಡೂ ಕಡೆಯ ಕಾಳನ್ನು ಒಂದೇ ಕಣದಲ್ಲಿ ಒಂದೇ ಅಷ್ಟು ದಿನ ಒಣಗಿಸಿದ ಮೇಲೆ ತೂಗಿ. ಎಕರೆಗೆ 40 ಗುಂಟೆಯಾದ್ದರಿಂದ ಆ ತೂಕವನ್ನು 40ರಿಂದ ಗುಣಿಸಿದರೆ ಎಕರೆಯ ಇಳುವರಿ ಸಿಗುತ್ತದೆ; ಗುಂಟೆಗೆ 50 ಕಿಲೋ ಬಂದರೆ ಎಕರೆಗೆ 20 ಕ್ವಿಂಟಾಲ್. ಎರಡು ತಾಕುಗಳ ನಡುವೆ ಒಂದೆರಡು ಕಿಲೋ ವ್ಯತ್ಯಾಸ ಬಂದರೆ ಅದು ಮಣ್ಣಿನದೂ ಇರಬಹುದು, ಇನ್ನೊಂದು ಹಂಗಾಮು ನೋಡಿ. ಹತ್ತು ಕಿಲೋ ವ್ಯತ್ಯಾಸ ಕಂಡರೆ, ಅದು ಯಾವ ಕಡೆಗೇ ಇರಲಿ, ನೋಟ್ ಪುಸ್ತಕವನ್ನು ತೆಗೆದುಕೊಂಡು ಬನ್ನಿ, ನಾವೂ ನೋಡಬೇಕು.