ಮಳೆಯ ಲೆಕ್ಕ ಋಣವಾದಾಗ

ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ ಅಣ್ಣತಮ್ಮಂದಿರ ನಡುವೆ ಪಾಲಾಗದೆ ಉಳಿದದ್ದು ಮಳೆಯ ಪುಸ್ತಕವೊಂದೇ. ಕುಮಾರಧಾರೆಗೆ ಅನತಿ ದೂರದಲ್ಲಿರುವ ನಮ್ಮ ಅಡಿಕೆ ತೋಟದ ಅಂಗಳದಲ್ಲಿ ಮಾಪಕವೊಂದನ್ನು ನೆಟ್ಟು, ದಿನವೂ ಬೆಳಗ್ಗೆ ಎಂಟೂವರೆಗೆ ನೋಡಿ, 1988ರಿಂದ 2019ರವರೆಗೆ ಅವರು ಬರೆದಿಟ್ಟ ಲೆಕ್ಕವದು. ಪುತ್ತೂರು, ಸುಳ್ಯ, ಕಡಬದ ಕಡೆಯ ಕೃಷಿಕರ ಮನೆಗಳಲ್ಲಿ ಇಂಥ ಪುಸ್ತಕಗಳು ಅಪೂರ್ವವೇನಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಸೀಮೆಯಲ್ಲಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಯಾವಾಗ ಸಿಂಪಡಿಸಬೇಕೆಂಬುದರಿಂದ ಹಿಡಿದು ಮಗಳ ಮದುವೆಯ ದಿನ ನಿಶ್ಚಯಿಸುವವರೆಗೆ ಎಲ್ಲಕ್ಕೂ ಮಳೆಯ ನೆನಪು ಬೇಕು. ನಮ್ಮ ಪುಸ್ತಕದ ಮೊದಲ ಪುಟದಲ್ಲಿ ‘ಪುತ್ತೂರು ತಾಲ್ಲೂಕು’ ಎಂದಿದೆ. ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಕೂಡಿಸಿಕೊಂಡು ಕಡಬವೇ ಒಂದು ತಾಲ್ಲೂಕಾದದ್ದು ಆಮೇಲೆ.

ತಮ್ಮನ ಮಗಳು ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೊದಲ ವರ್ಷ ಓದುತ್ತಿದ್ದಾಗ, 2024ರ ಡಿಸೆಂಬರಿನಲ್ಲಿ, ಅಜ್ಜನ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸುವ ಉತ್ಸಾಹ ತೋರಿದಳು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಯೋಜನೆಯು ಮೊದಲ ವರ್ಷದ ಗಣಿತಕ್ಕೆ ಪ್ರಯೋಗಾಲಯವನ್ನೂ ಜೋಡಿಸಿತ್ತು. ವಕ್ರರೇಖೆ ಬಿಡಿಸುವುದು, ಸಮೀಕರಣಗಳ ವ್ಯೂಹ ಬಿಡಿಸುವುದು ಮೊದಲಾದವನ್ನು ಪೈಥಾನ್, ಮ್ಯಾಟ್‌ಲ್ಯಾಬ್, ಸೈಲ್ಯಾಬ್‌ನಂಥ ತಂತ್ರಾಂಶಗಳಲ್ಲಿ ಮಾಡಿ ನೋಡಬೇಕು. ಸೀಮೆಸುಣ್ಣ ಮತ್ತು ಕ್ಲಾರ್ಕನ ಕೋಷ್ಟಕಗಳನ್ನು ನಂಬಿ ಮೂವತ್ತು ವರ್ಷ ಗಣಿತ ಬೋಧಿಸಿ ನಿವೃತ್ತನಾದ ನನಗೆ ಇದು ಅಸೂಯೆ ಹುಟ್ಟಿಸುವಷ್ಟು ಒಳ್ಳೆಯ ಬದಲಾವಣೆಯೆನಿಸಿತ್ತು.

ಅವಳು ಹಾಕಿಕೊಂಡ ಪ್ರಶ್ನೆ ಸರಳವಾದದ್ದು. ಅಜ್ಜ ಅಳೆದ ಅವಧಿಯಲ್ಲಿ ನಮ್ಮ ಐದು ಎಕರೆಯ ಮೇಲೆ ಒಟ್ಟು ಎಷ್ಟು ಲೀಟರ್ ನೀರು ಬಿದ್ದಿತು? ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ 4047 ಲೀಟರ್. ಐದು ಎಕರೆಗೆ 20,235. ವಾರ್ಷಿಕ ಮಳೆಯನ್ನು ಅದರಿಂದ ಗುಣಿಸಿ, ವರ್ಷದಿಂದ ವರ್ಷಕ್ಕೆ ಕೂಡಿಸುತ್ತ ಹೋದರೆ ಸಾಕು. ಪೈಥಾನ್ ಭಾಷೆಯಲ್ಲಿ ಅಂಕಿಗಳ ಸಾಲನ್ನು ನಿರ್ವಹಿಸುವ ‘ನಂಪೈ’ ಎಂಬ ತಂತ್ರಾಂಶ ಸಂಗ್ರಹದಲ್ಲಿ ಇದು ಮೂರು ಸಾಲಿನ ಕೆಲಸ. ಉತ್ತರ ಕ್ಷಣದಲ್ಲಿ ಬಂತು. ಬಂದದ್ದನ್ನು ನೋಡಿ ಅವಳು ಲ್ಯಾಪ್‌ಟಾಪನ್ನು ಜಗಲಿಗೇ ಹೊತ್ತು ತಂದಳು.

‘ದೊಡ್ಡಪ್ಪಾ, ಇಲ್ಲಿ ನೋಡಿ. 2014ರಲ್ಲಿ ನಮ್ಮ ತೋಟವೇ ಆಕಾಶಕ್ಕೆ ನೀರು ಸಾಲ ಕೊಟ್ಟಿದೆ.’

ಇಪ್ಪತ್ತಾರು ವರ್ಷ ಸರಿಯಾಗಿ ಏರುತ್ತ ಬಂದಿದ್ದ ಮೊತ್ತ ಇಪ್ಪತ್ತೇಳನೆಯ ವರ್ಷ ಇನ್ನೂರು ಕೋಟಿಗೂ ಮಿಕ್ಕ ಋಣಸಂಖ್ಯೆಯಾಗಿತ್ತು. ಒಂದು ದೋಷಸೂಚನೆಯಿಲ್ಲ, ಎಚ್ಚರಿಕೆಯ ಗಂಟೆಯಿಲ್ಲ. ಯಂತ್ರ ಅತ್ಯಂತ ನಿರಾಳವಾಗಿ ಸುಳ್ಳು ಹೇಳಿತ್ತು. ಅಜ್ಜನ ಅಕ್ಷರ ಓದುವುದರಲ್ಲಿ ತಪ್ಪಿರಬೇಕೆಂದು ಅವಳ ಗುಮಾನಿ. ಆ ಮಳೆಗಾಲದ ಪುಟಗಳನ್ನು ಇಬ್ಬರೂ ಕೂತು ತಾಳೆ ನೋಡಿದೆವು. ಅಜ್ಜ ತಪ್ಪಿರಲಿಲ್ಲ.

ತಪ್ಪು ಎಲ್ಲಿದೆಯೆಂಬುದು ನನಗೆ ಹೊಳೆದದ್ದು ಆ ಸಂಖ್ಯೆಯ ಗಾತ್ರದಿಂದ. ವರ್ಷಕ್ಕೆ 4000 ಮಿಲಿಮೀಟರ್ ಎಂದು ಹಿಡಿದರೆ ನಮ್ಮ ತೋಟದ ಮೇಲೆ ಬೀಳುವ ನೀರು 8,09,40,000 ಲೀಟರ್. ಇಪ್ಪತ್ತಾರು ವರ್ಷಕ್ಕೆ 210 ಕೋಟಿ ಚಿಲ್ಲರೆ. ಇಪ್ಪತ್ತೇಳಕ್ಕೆ 218 ಕೋಟಿ ಚಿಲ್ಲರೆ. ಇವೆರಡರ ನಡುವೆ ಗಣಕಲೋಕದ ಒಂದು ಪ್ರಸಿದ್ಧ ಗಡಿಕಲ್ಲಿದೆ: 214,74,83,647. ಮೂವತ್ತೆರಡು ಬಿಟ್‌ಗಳ ಮನೆಯಲ್ಲಿ ಇಡಬಹುದಾದ ಅತಿ ದೊಡ್ಡ ಧನ ಪೂರ್ಣಾಂಕವದು. ಸುಳ್ಯ-ಕಡಬದ ರಸ್ತೆಗಳಲ್ಲಿ ಓಡಿ ಓಡಿ ಸವೆದ ಜೀಪುಗಳ ಕಿಲೋಮೀಟರ್ ಮಾಪಕವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. 99,999 ದಾಟಿದೊಡನೆ ಮಾಪಕ ಸೊನ್ನೆಗೆ ಮರಳುತ್ತದೆ. ಜೀಪು ಮಾತ್ರ ಹೊಸದಾಗುವುದಿಲ್ಲ. ಋಣಸಂಖ್ಯೆಗಳಿಗೂ ಜಾಗವಿಟ್ಟ ಮಾಪಕವಾದರೆ ಧನದ ತುದಿಯಿಂದ ಋಣದ ತುತ್ತತುದಿಗೆ ಬೀಳುತ್ತದೆ. ಯೂಟ್ಯೂಬಿನ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆಗಳು 2014ರಲ್ಲಿ ಇದೇ ಗಡಿಕಲ್ಲನ್ನು ಸಮೀಪಿಸಿದಾಗ ಆ ಸಂಸ್ಥೆ ತನ್ನ ಎಣಿಕೆಯ ಮನೆಯನ್ನು ದೊಡ್ಡದು ಮಾಡಿಕೊಂಡಿತು. ಅದು ನಗೆಯ ಸುದ್ದಿಯಾಗಿತ್ತು. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ಹಾರಿದ ಸುಮಾರು 40 ಸೆಕೆಂಡುಗಳಲ್ಲಿ ಛಿದ್ರವಾದದ್ದು ನಗೆಯ ಸುದ್ದಿಯಲ್ಲ. ಅಲ್ಲಿಯೂ ಆದದ್ದು ಇಷ್ಟೇ: ದೊಡ್ಡ ಸಂಖ್ಯೆಯೊಂದನ್ನು ಹದಿನಾರು ಬಿಟ್‌ಗಳ ಸಣ್ಣ ಮನೆಗೆ ತುರುಕಲು ಹೋದದ್ದು.

ಆದರೆ ಈ ಕಾಲದ ಅರವತ್ತನಾಲ್ಕು ಬಿಟ್‌ಗಳ ಯಂತ್ರದಲ್ಲಿ ಮೂವತ್ತೆರಡರ ಮನೆ ಏಕಿತ್ತು? ಮರುವಾರ ಅವಳು ಅದೇ ಮೂರು ಸಾಲನ್ನು ಗೆಳತಿಯ ಲ್ಯಾಪ್‌ಟಾಪಿನಲ್ಲಿ ಓಡಿಸಿದಾಗ ಮಳೆಯ ಮೊತ್ತ ಕೊನೆಯವರೆಗೂ ಧನವಾಗಿಯೇ ಏರಿತು. ವಿಂಡೋಸ್ ಎರಡರಲ್ಲೂ ಇತ್ತು; ಬೇರೆಯಿದ್ದದ್ದು ನಂಪೈನ ಆವೃತ್ತಿ. ನಮ್ಮವಳದು ಸೋದರತ್ತೆಯ ಮಗನಿಂದ ಬಂದ ಹಳೆಯ ಯಂತ್ರ. ಅದರಲ್ಲಿದ್ದದ್ದು ಒಂದನೆಯ ಸರಣಿಯ ನಂಪೈ. ಗೆಳತಿಯದು ಎರಡನೆಯದು.

2006ರಲ್ಲಿ ಹೊರಬಂದ ನಂಪೈ 1.0ರ ಬಳಿಕ, ಹದಿನೆಂಟು ವರ್ಷ ಕಳೆದು, 2024ರ ಜೂನ್ 16ರಂದು 2.0 ಬಿಡುಗಡೆಯಾಯಿತು. ಅದರ ಬದಲಾವಣೆಗಳ ದೀರ್ಘ ಪಟ್ಟಿಯಲ್ಲಿ ಒಂದು ನಮ್ಮ ತೋಟಕ್ಕೆ ನೇರವಾಗಿ ಸಂಬಂಧಿಸಿದ್ದು. ಪೂರ್ಣಾಂಕಕ್ಕೆ ಎಷ್ಟು ದೊಡ್ಡ ಮನೆ ಎಂಬುದನ್ನು ಹಳೆಯ ನಂಪೈ ಸಿ ಭಾಷೆಯ ‘ಲಾಂಗ್’ ಎಂಬ ಅಳತೆಗೆ ಬಿಟ್ಟುಕೊಟ್ಟಿತ್ತು. ಆ ಅಳತೆ ಅರವತ್ತನಾಲ್ಕು ಬಿಟ್‌ಗಳ ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಅರವತ್ತನಾಲ್ಕೇ; ವಿಂಡೋಸ್‌ನಲ್ಲಿ ಮಾತ್ರ ಮೂವತ್ತೆರಡು. ಅಂದರೆ ಒಂದೇ ಲೆಕ್ಕ, ಒಂದೇ ಬರಹ. ಒಂದು ಯಂತ್ರದಲ್ಲಿ ಸರಿ, ಪಕ್ಕದ ಮೇಜಿನ ಯಂತ್ರದಲ್ಲಿ ತಪ್ಪು. ಲಿನಕ್ಸ್ ಬಳಸುವ ಸಂಶೋಧಕರಿಗೆ ಅಪರೂಪವಾಗಿ ಕಾಣುತ್ತಿದ್ದ ಈ ತೊಡಕು, ವಿಂಡೋಸ್ ಯಂತ್ರ ಕೊಂಡು ಕಲಿಯುವ ನಮ್ಮ ಹುಡುಗ ಹುಡುಗಿಯರಿಗೇ ಕಾದು ಕೂತಿತ್ತು. 2.0 ಈ ತಾರತಮ್ಯವನ್ನು ತೆಗೆದುಹಾಕಿತು. ಹೊಸ ಮನೆ ತುಂಬಲು ನಮ್ಮ ತೋಟದಲ್ಲಿ ಹನ್ನೊಂದು ಸಾವಿರ ಕೋಟಿ ವರ್ಷ ಮಳೆ ಸುರಿಯಬೇಕು. ಭೂಮಿಗೆ ವಯಸ್ಸಾದದ್ದೇ 454 ಕೋಟಿ.

ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಹೊಸ ಆವೃತ್ತಿ ಹಾಕಿಸಿಕೊಂಡ ಹುಡುಗಿಗೆ ಪ್ರಯೋಗಾಲಯದಲ್ಲಿ ಬೇರೆಯೇ ಸಂಕಷ್ಟ ಎದುರಾಯಿತು. ಹಿಂದಿನ ತಂಡಗಳಿಂದ ಇಳಿದುಬಂದ ಮಾದರಿ ಬರಹಗಳು ಓಡಲಿಲ್ಲ. ಸಿಂಪ್ಸನ್ನನ ಸೂತ್ರದಿಂದ ಕ್ಷೇತ್ರಫಲ ಕಂಡುಹಿಡಿಯಲು ‘ಸೈಪೈ’ ಸಂಗ್ರಹದಲ್ಲಿ ‘ಸಿಂಪ್ಸ್’ ಎಂಬ ಮೊಟಕು ಹೆಸರಿನ ಆದೇಶವಿತ್ತು. 2024ರ ಜೂನ್‌ನಲ್ಲೇ ಬಂದ ಸೈಪೈ 1.14 ಆ ಹೆಸರನ್ನು ಕಿತ್ತುಹಾಕಿ, ‘ಸಿಂಪ್ಸನ್’ ಎಂದು ಪೂರ್ಣವಾಗಿಯೇ ಕರೆಯಬೇಕೆಂದು ವಿಧಿಸಿತು. ಹೀಗಾಗಲಿದೆಯೆಂಬ ಎಚ್ಚರಿಕೆ ಹಿಂದಿನ ಆವೃತ್ತಿಗಳಲ್ಲೇ ಬರುತ್ತಿತ್ತು; ಉತ್ತರ ಬಂದ ಮೇಲೆ ಎಚ್ಚರಿಕೆ ಓದುವವರು ಯಾರು? ಇನ್ನು ಉತ್ತರ ಬಂದ ಕಡೆ ಅದರ ವೇಷ ಬದಲಾಗಿತ್ತು. ಪಟ್ಟಿಯೊಳಗೆ 2.5 ಎಂದಷ್ಟೇ ಕಾಣುತ್ತಿದ್ದ ಸಂಖ್ಯೆ ಈಗ ‘ಎನ್‌ಪಿ ಡಾಟ್ ಫ್ಲೋಟ್64’ ಎಂಬ ಬಿರುದು ಧರಿಸಿ, ಆವರಣದೊಳಗೆ ಕೂತು ಬರತೊಡಗಿತು. ಬೆಲೆ ಅದೇ. ಆದರೆ ರೆಕಾರ್ಡ್ ಪುಸ್ತಕದ ಮಾದರಿಯೊಂದಿಗೆ ಹೋಲುವುದಿಲ್ಲ. ಹೋಲದಿದ್ದರೆ ಅಂಕವಿಲ್ಲವೆಂಬ ಭೀತಿ.

ಅವಳಿಗೆ ಸಿಕ್ಕ ಪರಿಹಾರವೇನು ಗೊತ್ತೆ? ‘ಹಳೆಯ ಆವೃತ್ತಿಯನ್ನೇ ಹಾಕಿಕೊಳ್ಳಿ, ಎಲ್ಲ ಸರಿಹೋಗುತ್ತದೆ.’ ಹಾಕಿಕೊಂಡಳು. ಎಲ್ಲವೂ ಸರಿಹೋಯಿತು. ನಮ್ಮ ತೋಟದ ಮಳೆ ಮತ್ತೆ ಋಣವಾಯಿತು.

ಸಲಹೆ ಕೊಟ್ಟವರನ್ನು ನಾನು ದೂರಲಾರೆ. ಒಂದು ತಂಡದ ಹಿಂದೆ ಇನ್ನೊಂದು ತಂಡ, ಎರಡು ಗಂಟೆಯ ಅವಧಿ, ಒಬ್ಬೊಬ್ಬರ ಬಳಿ ಒಂದೊಂದು ಯಂತ್ರ. ಆ ಗದ್ದಲದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೊ. ಆದರೂ ಇಲ್ಲಿ ಗಣಿತದ ಅಧ್ಯಾಪಕನಿಗೆ ಸಹಿಸಲಾಗದ ಒಂದು ವಿಪರ್ಯಾಸವಿದೆ. ಆದೇಶದ ಹೆಸರು ಬದಲಾಗಿ ಯಂತ್ರ ಮುಷ್ಕರ ಹೂಡಿದರೆ ಅದು ಕಣ್ಣಿಗೆ ಕಾಣುವ ತೊಂದರೆ. ಹತ್ತು ನಿಮಿಷ ಬೈದು ಸರಿಪಡಿಸಿಕೊಳ್ಳಬಹುದು. ಸದ್ದಿಲ್ಲದೆ ತಪ್ಪು ಉತ್ತರ ಕೊಡುವುದು ಕಾಣದ ತೊಂದರೆ. ಕಾಣುವುದನ್ನು ತಪ್ಪಿಸಿಕೊಳ್ಳಲು ಕಾಣದ್ದನ್ನು ಮನೆಗೆ ಕರೆದುಕೊಂಡಂತಾಯಿತು. ಮೊತ್ತ ಋಣವಾದದ್ದು ನಮ್ಮ ಅದೃಷ್ಟ. ಐದು ಎಕರೆಯ ಬದಲು ಹತ್ತು ಎಕರೆಯಿದ್ದು, ಕೊನೆಯ ಒಂದೇ ಮೊತ್ತವನ್ನು ಕೇಳಿದ್ದರೆ, ಮಾಪಕ ಇಡೀ ಸುತ್ತು ತಿರುಗಿ ಒಂದು ಸುಭಗ ಧನಸಂಖ್ಯೆಯನ್ನೇ ತೋರಿಸುತ್ತಿತ್ತು, ನಾವದನ್ನು ನಂಬುತ್ತಿದ್ದೆವು.

ತಂತ್ರಾಂಶಗಳೆಲ್ಲ ಈ ವಿಷಯದಲ್ಲಿ ಒಂದೇ ಬಗೆಯವಲ್ಲ. ಮ್ಯಾಟ್‌ಲ್ಯಾಬ್ ಮತ್ತು ಅದರದೇ ನುಡಿಗಟ್ಟಿನ ಉಚಿತ ತಂತ್ರಾಂಶವಾದ ಆಕ್ಟೇವ್, ನೀವು ಬೇರೇನೂ ಹೇಳದಿದ್ದರೆ ಪ್ರತಿ ಸಂಖ್ಯೆಯನ್ನೂ ದಶಮಾಂಶ ಸಂಖ್ಯೆಯೆಂದೇ ಭಾವಿಸುತ್ತವೆ. ಪೂರ್ಣಾಂಕಗಳನ್ನು ಸುಮಾರು ಒಂಬತ್ತರ ಮುಂದೆ ಹದಿನೈದು ಸೊನ್ನೆಗಳವರೆಗೆ ನಿಖರವಾಗಿ ಹಿಡಿದಿಡುತ್ತವೆ. ನಮ್ಮ ಮಳೆ ಅಲ್ಲಿ ಋಣವಾಗುತ್ತಿರಲಿಲ್ಲ. ಮ್ಯಾಟ್‌ಲ್ಯಾಬ್ ವರ್ಷಕ್ಕೆರಡು ಬಾರಿ ಹೊಸದಾಗುತ್ತದೆ. 2025ರ ಮೊದಲ ಆವೃತ್ತಿಯಲ್ಲಿ ಮುಖಪರದೆಯನ್ನೇ ಬದಲಿಸಿ, ಕಪ್ಪು ಹಿನ್ನೆಲೆಯ ನೋಟವನ್ನೂ ಕೊಟ್ಟಿತು. ಆದರೆ ಅದಕ್ಕೆ ಪರವಾನಗಿಯ ಹಣ ತೆರಬೇಕು. ಆಕ್ಟೇವ್ ಎಂಬ ಹೆಸರು ಸಂಗೀತದ ಸ್ವರಸಪ್ತಕದಿಂದ ಬಂದದ್ದೆಂದು ನಾನು ಬಹುಕಾಲ ನಂಬಿದ್ದೆ. ಅಲ್ಲ, ಅದನ್ನು ಕಟ್ಟಿದ ಜಾನ್ ಈಟನ್ ತಮ್ಮ ಗುರು, ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕ ಆಕ್ಟೇವ್ ಲೆವೆನ್‌ಸ್ಪೀಲ್ ಅವರ ಹೆಸರಿಟ್ಟರು. ಆ ಗುರುವಿನ ಖ್ಯಾತಿ ಯಾವುದಕ್ಕೆ? ಚೂರು ಕಾಗದದ ಮೇಲೆ ಗೀಚಿ, ಉತ್ತರ ಸುಮಾರು ಎಷ್ಟಿರಬೇಕೆಂದು ಥಟ್ಟನೆ ಹೇಳುವುದಕ್ಕೆ. ನಮ್ಮ ತಂದೆಯವರಿಗೆ ಅವರು ಇಷ್ಟವಾಗುತ್ತಿದ್ದರು.

ಹೊಸ ಆವೃತ್ತಿಯಲ್ಲಿ ಏನು ಬದಲಾಯಿತೆಂದು ತಿಳಿಸುವ ಟಿಪ್ಪಣಿಗಳು ಪ್ರತಿ ಬಾರಿಯೂ ಪ್ರಕಟವಾಗುತ್ತವೆ, ಉಚಿತವಾಗಿ. ಇಂಗ್ಲಿಷಿನಲ್ಲಿ, ಬಲ್ಲವರು ಬಲ್ಲವರಿಗಾಗಿ ಬರೆದ ಇಂಗ್ಲಿಷಿನಲ್ಲಿ. ಮುಂಬಯಿಯ ಐಐಟಿಯವರ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಇಂಥ ತಂತ್ರಾಂಶಗಳ ಪಾಠಗಳನ್ನು ಕನ್ನಡದಲ್ಲೂ ಧ್ವನಿ ಕೊಟ್ಟು ಹೊರತಂದಿರುವುದು ದೊಡ್ಡ ಉಪಕಾರ. ಆದರೆ ಪಾಠ ಒಮ್ಮೆ ಮುದ್ರಿತವಾದರೆ ನಿಂತಲ್ಲೇ ನಿಲ್ಲುತ್ತದೆ. ತಂತ್ರಾಂಶ ನಡೆಯುತ್ತಲೇ ಇರುತ್ತದೆ. ಪ್ರತಿ ಬಿಡುಗಡೆಯ ಮುಖ್ಯ ಹತ್ತು ಬದಲಾವಣೆಗಳನ್ನು ಎರಡು ಪುಟ ಕನ್ನಡದಲ್ಲಿ ಬರೆದು ಕಾಲೇಜುಗಳಿಗೆ ಕಳಿಸುವುದು ವಿಶ್ವವಿದ್ಯಾಲಯಕ್ಕೆ ಭಾರವಾಗದು. ಅದಕ್ಕಿಂತ ಸುಲಭದ್ದೊಂದಿದೆ: ರೆಕಾರ್ಡ್ ಪುಸ್ತಕದ ಪ್ರತಿ ಪ್ರಯೋಗದ ತಲೆಯಲ್ಲಿ, ದಿನಾಂಕ ಬರೆಯುವಲ್ಲಿ, ತಂತ್ರಾಂಶದ ಆವೃತ್ತಿಯನ್ನೂ ಬರೆಯುವ ರೂಢಿ.

ಇದು ಹುಡುಗರ ಅಂಕಪಟ್ಟಿಗಷ್ಟೇ ಸಂಬಂಧಿಸಿದ ಮಾತಲ್ಲ. ನಮ್ಮ ಜಿಲ್ಲೆಯ ಅಡಿಕೆ ಮತ್ತು ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯಿದೆ. ಅಲ್ಲಿ ತೋಟಕ್ಕೆ ಬಂದು ಉದುರಿದ ಕಾಯಿಗಳನ್ನು ಯಾರೂ ಎಣಿಸುವುದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ದಿನವಾರು ಅಂಕಿಗಳನ್ನು ಷರತ್ತಿನ ಹಾಳೆಯಲ್ಲಿರುವ ಮಿತಿಗಳೊಂದಿಗೆ ಹೋಲಿಸಿ ಪರಿಹಾರ ನಿಗದಿಯಾಗುತ್ತದೆ. ಕೂಡುವುದು, ಹೋಲಿಸುವುದು, ಗುಣಿಸುವುದು: ನಮ್ಮವಳು ಅಜ್ಜನ ಪುಸ್ತಕದ ಮೇಲೆ ಮಾಡಿದ ಕೆಲಸವೇ. ಕೃಷಿಕನಿಗೆ ಕಾಣುವುದು ಬ್ಯಾಂಕ್ ಖಾತೆಗೆ ಬಂದ ಮೊತ್ತ ಮಾತ್ರ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಸರಿಯೆಂದು ತಿಳಿಯುವ ದಾರಿ ಅವನಿಗಿರಬೇಕು ಎನ್ನುತ್ತಿದ್ದೇನೆ. ಗಡಿಗಳು ಬದಲಾದಾಗ ಈ ಅಗತ್ಯ ಇನ್ನೂ ಹೆಚ್ಚು. ಘಟ್ಟದ ಬುಡದ ಊರುಗಳು ಕಡಬಕ್ಕೆ ಹೋದ ಮೇಲೆ ಪುತ್ತೂರು ತಾಲ್ಲೂಕಿನ ಮಳೆಯ ಸರಾಸರಿ ಎಂಬುದು ಹಿಂದಿನ ಸರಾಸರಿಯೊಂದಿಗೆ ಹೋಲಿಸಲು ಬಾರದ ಬೇರೆಯೇ ಸಂಖ್ಯೆ. ತಾಲ್ಲೂಕಿಗೂ ಆವೃತ್ತಿಗಳಿವೆ.

ಪಂಚಾಯಿತಿಯ ದಿನವಾರು ಮಳೆ, ವಿಮೆಯ ಷರತ್ತು, ಲೆಕ್ಕದ ಬರಹ, ಅದನ್ನು ಓಡಿಸಿದ ತಂತ್ರಾಂಶ ಮತ್ತದರ ಆವೃತ್ತಿ, ಇಷ್ಟನ್ನೂ ಪಂಚಾಯಿತಿ ಕಚೇರಿಯಲ್ಲಿ ಯಾರು ಬೇಕಾದರೂ ನೋಡುವಂತಿಟ್ಟರೆ, ಪುತ್ತೂರು-ಸುಳ್ಯದಲ್ಲಿ ಓದುತ್ತಿರುವ ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಯೂ ತನ್ನ ಮನೆಯ ಪರಿಹಾರದ ಮೊತ್ತವನ್ನು ಒಂದು ಸಂಜೆಯಲ್ಲಿ ತಾಳೆ ನೋಡಬಲ್ಲ.

ನಮ್ಮವಳು ಈಗ ತನ್ನ ಯಂತ್ರದಲ್ಲಿ ಎರಡು ಆವೃತ್ತಿಗಳನ್ನೂ ಬೇರೆ ಬೇರೆ ಕೋಣೆಗಳಲ್ಲಿಟ್ಟಂತೆ ಇಟ್ಟುಕೊಂಡಿದ್ದಾಳೆ. ಒಂದು ರೆಕಾರ್ಡಿಗೆ, ಒಂದು ಮನೆಗೆ. ಅಜ್ಜನ ಪುಸ್ತಕದ ಕೊನೆಯ ಪುಟದಲ್ಲಿ ಮೂವತ್ತೆರಡು ವರ್ಷಗಳ ಮೊತ್ತವನ್ನು ಬರೆದು, ಕೆಳಗೆ ‘ನಂಪೈ 2, ದೊಡ್ಡಪ್ಪನ ಕೈಲೆಕ್ಕಕ್ಕೆ ತಾಳೆಯಾಗಿದೆ’ ಎಂದು ನಮೂದಿಸಿದ್ದಾಳೆ. ನನಗೆ ಆ ಕೂಡಿಕೆಗೆ ಒಂದು ಮಧ್ಯಾಹ್ನವಿಡೀ ಹಿಡಿಯಿತು, ಎರಡು ಕಡೆ ದಶಕ ತಪ್ಪಿದ್ದೆ ಎಂಬುದನ್ನು ಅವಳು ಬರೆದಿಲ್ಲ. ಮುಂದಿನದು ಅವಳಪ್ಪನ ಬೆಳೆ ವಿಮೆಯ ಲೆಕ್ಕ. ಷರತ್ತಿನ ಹಾಳೆ ಸಿಕ್ಕಿದೆ. ಪಂಚಾಯಿತಿಯ ದಿನವಾರು ಮಳೆಯ ಪಟ್ಟಿಗಾಗಿ ಅರ್ಜಿ ಬರೆದು, ಕನ್ನಡ ಸರಿಯಿದೆಯೇ ನೋಡಿ ಎಂದು ಈಗಷ್ಟೇ ನನ್ನ ಮುಂದಿಟ್ಟು ಹೋಗಿದ್ದಾಳೆ.