ಅಜ್ಜಿಯ ಸೋಬಾನೆ, ಹಳೇ ಪುಸ್ತಕ, ಹೊಸ ಸಾಫ್ಟ್‌ವೇರ್: ಸ್ವರ ಬರೆಯೋದನ್ನ ನಾನು ಕಲಿತ ಬಗೆ

ಹಿಂದೆ ಸದ್ದು ಕೇಳಿಸ್ತಿದ್ರೆ ಅದು ಹೆಂಚಿನ ಮೇಲೆ ಬೀಳ್ತಿರೋ ಮಳೆ. ಸಕಲೇಶಪುರದ ಕಡೆ ಜುಲೈನಲ್ಲಿ ರೆಕಾರ್ಡಿಂಗ್‌ಗೆ ಕೂತ್ರೆ ಇದು ಇದ್ದದ್ದೇ. ಕರೆಂಟ್ ಬೇರೆ ಹೋಗಿದೆ, ಲ್ಯಾಪ್‌ಟಾಪ್ ಬ್ಯಾಟರಿ ಇರೋದ್ರೊಳಗೆ ಮುಗಿಸಬೇಕು.

ಹಿಂದಿನ ಸಂಚಿಕೆಯಲ್ಲಿ ಮಾತಿನ ಮಧ್ಯೆ, ಅಜ್ಜಿಯ ಹಾಡನ್ನ ಕಂಪ್ಯೂಟರ್‌ನಲ್ಲಿ ಸ್ವರ ಹಾಕಿ ಬರೀತಿದೀನಿ ಅಂದಿದ್ದೆ. ಯಾವ ಸಾಫ್ಟ್‌ವೇರ್, ಎಷ್ಟು ದುಡ್ಡು, ಸಂಗೀತ ಬರದವರಿಗೂ ಆಗುತ್ತಾ ಅಂತ ಸುಮಾರು ಜನ ಕೇಳಿದ್ರಿ. ಇವತ್ತು ಅದನ್ನೇ ಬಿಡಿಸಿ ಹೇಳ್ತೀನಿ. ಮೊದಲೇ ಒಂದು ಮಾತು: ನಾನು ಓದಿದ್ದು ಬಿ.ಕಾಂ. ಸಂಗೀತ ಪಾಠಕ್ಕೆ ಒಂದು ದಿನವೂ ಹೋದವನಲ್ಲ. ನನ್ನಿಂದ ಆಗಿದ್ದು ನಿಮ್ಮಿಂದಲೂ ಆಗುತ್ತೆ.

ಇದೆಲ್ಲ ಯಾಕೆ ಬೇಕಾಯ್ತು ಅಂದ್ರೆ, ನಮ್ಮಜ್ಜಿಯ ತವರು ಆಲೂರಿನ ಕಡೆ. ಮದುವೆ ಮನೆಯಲ್ಲಿ ಸೋಬಾನೆ ಹಾಡೋದ್ರಲ್ಲಿ ಊರಿಗೇ ಹೆಸರು. ಸೋಬಾನೆ ಒಬ್ಬರ ಹಾಡಲ್ಲ. ಒಬ್ಬರು ಹೇಳಿಕೊಡ್ತಾರೆ, ಇನ್ನೊಬ್ಬರು ಸೊಲ್ಲು ಹಿಡೀತಾರೆ. ನಮ್ಮಜ್ಜಿಗೆ ಸೊಲ್ಲು ಹಿಡೀತಿದ್ದವರು ಪಕ್ಕದ ಮನೆ ಅಜ್ಜಿ, ಸುಮಾರು ನಲವತ್ತು ವರ್ಷ. ಹೋದ ವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವತ್ತಿಂದ ನಮ್ಮಜ್ಜಿ ಬಾಯಿ ಬಿಟ್ಟಿಲ್ಲ. ಕೇಳಿದ್ರೆ, "ಸೊಲ್ಲಿಡಿಯೋರಿಲ್ಲ, ಒಬ್ಳೇ ಹೆಂಗೆ ಹಾಡ್ಲಿ?" ಅಂತಾರೆ.

ನನ್ನ ಹತ್ರ ಒಂದು ಹಳೇ ಮದುವೆಯ ಫೋನ್ ರೆಕಾರ್ಡಿಂಗ್ ಇತ್ತು. ಚಿಕ್ಕಮ್ಮ, ಅತ್ತಿಗೆ ಇಬ್ಬರೂ ಅದನ್ನ ಕೇಳಿಯೇ ಸೊಲ್ಲು ಕಲಿಯೋಕೆ ನೋಡಿದ್ರು. ಆಗಲಿಲ್ಲ. ಪಾತ್ರೆ ಸದ್ದು, ಮಕ್ಕಳ ಗಲಾಟೆ, ಓಲಗ ಇವುಗಳ ಅಡಿಯಲ್ಲಿ ಎರಡನೇ ದನಿ ಹೂತುಹೋಗಿದೆ. ಅಜ್ಜಿಯ ಸಾಲು ಎಲ್ಲಿ ಮುಗೀತು, ಸೊಲ್ಲು ಎಲ್ಲಿ ಶುರುವಾಯ್ತು, ಗೊತ್ತೇ ಆಗಲ್ಲ. ಮುಂದಿನ ವೈಶಾಖದಲ್ಲಿ ಮನೆಯಲ್ಲಿ ಮದುವೆ ಇದೆ. ಅಜ್ಜಿಗೆ ಎಂಬತ್ತೆರಡು.

ಪುಸ್ತಕದಲ್ಲಿ ಸಿಗಲ್ವಾ ಅಂತ ಕೇಳಬಹುದು. ಜನಪದ ಗೀತೆ ಸಂಗ್ರಹಗಳು ಕನ್ನಡದಲ್ಲಿ ಬೇಕಾದಷ್ಟಿವೆ. 'ಜಾನಪದ ಜಂಗಮ' ಅಂತಲೇ ಹೆಸರಾದ ಎಸ್.ಕೆ. ಕರೀಂಖಾನ್ ನಮ್ಮ ಸಕಲೇಶಪುರದವರೇ, ಊರೂರು ಸುತ್ತಿ ಹಾಡು ಕಲೆಹಾಕಿದವರು. ಆದರೆ ಇಂಥ ಸಂಗ್ರಹಗಳನ್ನ ತೆರೆದು ನೋಡಿದ್ರೆ ಹೆಚ್ಚಾಗಿ ಸಿಗೋದು ಹಾಡಿನ ಮಾತು. ಧಾಟಿ ಹಾಡೋರ ಗಂಟಲಲ್ಲೇ ಉಳಿದಿರುತ್ತೆ.

ಸರಿ, ಸಾಫ್ಟ್‌ವೇರ್ ವಿಷಯಕ್ಕೆ ಬರೋಣ. ನಾನು ಹಿಡಿದಿದ್ದು ಮ್ಯೂಸ್‌ಸ್ಕೋರ್. ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತೆ. ಲಿಲಿಪಾಂಡ್ ಅಂತ ಇನ್ನೊಂದು ಉಚಿತವಾದದ್ದಿದೆ, ಅದರಲ್ಲಿ ಕೋಡ್ ಬರೆದ ಹಾಗೆ ಅಕ್ಷರದಲ್ಲಿ ಟೈಪ್ ಮಾಡಿದ್ರೆ ಅದು ಸ್ವರಲಿಪಿಯಾಗಿ ಅಚ್ಚಾಗುತ್ತೆ. ನನಗೆ ಕಣ್ಣಿಗೆ ಕಾಣೋ ಹಾಗೆ ಇದ್ರೇ ವಾಸಿ ಅನ್ನಿಸ್ತು.

ಕಲಿಯೋಕೆ ವಿಡಿಯೋ ನೋಡಬಹುದಿತ್ತು. ಆದರೆ ಮಳೆಗಾಲದಲ್ಲಿ ನಮ್ಮ ಕಡೆ ನೆಟ್‌ವರ್ಕ್ ನಂಬಿ ಕೂತ್ರೆ ಒಂದು ವಿಡಿಯೋಗೆ ಒಂದು ಮಧ್ಯಾಹ್ನ. ಹಾಗಾಗಿ ಬೆಂಗಳೂರಿಗೆ ಹೋದಾಗ ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಇಂಗ್ಲಿಷ್ ಟ್ಯುಟೋರಿಯಲ್ ಪುಸ್ತಕ ತಂದೆ. ಮನೆಗೆ ಬಂದು ತೆರೆದ ಮೇಲೆ ಗೊತ್ತಾಗಿದ್ದು, ಅದು ಮ್ಯೂಸ್‌ಸ್ಕೋರ್ 2ಕ್ಕೆ ಬರೆದ ಪುಸ್ತಕ. ಆ ಆವೃತ್ತಿ ಬಂದಿದ್ದು 2015ರಲ್ಲಿ. ನನ್ನ ಲ್ಯಾಪ್‌ಟಾಪ್‌ನಲ್ಲಿದ್ದದ್ದು 2022ರ ಡಿಸೆಂಬರ್‌ನಲ್ಲಿ ಬಂದ ನಾಲ್ಕನೇ ಆವೃತ್ತಿ. ಪುಸ್ತಕ "ಬಲಗಡೆ ಇನ್‌ಸ್ಪೆಕ್ಟರ್ ನೋಡಿ" ಅಂದ್ರೆ, ನನ್ನ ಪರದೆಯಲ್ಲಿ ಅದು ಎಡಗಡೆ 'ಪ್ರಾಪರ್ಟೀಸ್' ಆಗಿ ಕೂತಿದೆ. ಮೊದಲ ವಾರ ಇದೇ ಹುಡುಕಾಟ. ಆಮೇಲೆ ಒಂದು ಅರ್ಥ ಆಯ್ತು: ಬಟನ್ ಎಲ್ಲಿದೆ ಅನ್ನೋದು ಹಳತಾಗುತ್ತೆ, ಯಾಕೆ ಒತ್ತಬೇಕು ಅನ್ನೋದು ಹಳತಾಗಲ್ಲ. ಇಂಥ ಪುಸ್ತಕದಲ್ಲಿ ಓದಬೇಕಾದ್ದು ಆ 'ಯಾಕೆ'.

ಕೆಲಸ ಶುರುವಾಗೋದು ಹೀಗೆ. ಹೊಸ ಸ್ಕೋರ್ ತೆರೆದು 'ಎನ್' ಒತ್ತಿದ್ರೆ ಸ್ವರ ಹಾಕೋ ಸ್ಥಿತಿಗೆ ಬರ್ತೀರಿ. ಮೊದಲು ಅವಧಿ, ಆಮೇಲೆ ಸ್ವರ. 5 ಒತ್ತಿದ್ರೆ ಒಂದು ಪೂರ್ತಿ ಎಣಿಕೆ, 4 ಅಂದ್ರೆ ಅದರ ಅರ್ಧ, 6 ಅಂದ್ರೆ ಎರಡರಷ್ಟು. ಸ್ವರಕ್ಕೆ ಇಂಗ್ಲಿಷಿನ ಎ ಇಂದ ಜಿ ತನಕ ಏಳು ಅಕ್ಷರ. 'ಸಿ'ಯನ್ನ ಷಡ್ಜ ಅಂತ ಇಟ್ಕೊಂಡ್ರೆ ಡಿ ರಿಷಭ, ಇ ಗಾಂಧಾರ, ಹೀಗೆ. ತಪ್ಪಾದ್ರೆ ಮೇಲಿನ, ಕೆಳಗಿನ ಬಾಣದ ಕೀ ಒತ್ತಿ ಅರ್ಧರ್ಧ ಸ್ವರ ಸರಿಸಬಹುದು. ಸ್ಪೇಸ್ ಬಾರ್ ಒತ್ತಿದ್ರೆ ಬರೆದದ್ದನ್ನ ನುಡಿಸಿ ತೋರಿಸುತ್ತೆ. ಸ್ವರ ಗುರುತಿಸೋಕೆ ಫೋನಿನಲ್ಲಿ ಒಂದು ಪಿಯಾನೋ ಆ್ಯಪ್ ಇಟ್ಕೊಂಡು, ರೆಕಾರ್ಡಿಂಗ್‌ನ ಎರಡೆರಡು ಸೆಕೆಂಡ್ ಕೇಳಿ ತಡಕಾಡಿದೆ. ನಿಧಾನ, ಆದರೆ ಆಗುತ್ತೆ.

ಇನ್ನು ನಮ್ಮಂಥ ಕಾಮರ್ಸ್‌ನವರಿಗೆ ಬೇಗ ಹತ್ತೋ ವಿಷಯ. ಸ್ವರಲಿಪಿಯಲ್ಲಿ ಗೆರೆ ಗೆರೆ ಮಧ್ಯೆ ಒಂದೊಂದು ಮನೆ ಇರುತ್ತೆ. 4/4 ಅಂತ ಮೊದಲೇ ಹೇಳಿದ್ರೆ ಪ್ರತಿ ಮನೆಯಲ್ಲೂ ನಾಲ್ಕು ಎಣಿಕೆ ಕೂಡಲೇಬೇಕು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ನೀವು ಮೂರು ಹಾಕಿ ಬಿಟ್ರೆ, ಉಳಿದ ಒಂದಕ್ಕೆ ಅದೇ ಮೌನದ ಚಿಹ್ನೆ ಹಾಕಿ ಸರಿದೂಗಿಸುತ್ತೆ. ಲೆಡ್ಜರ್ ಟ್ಯಾಲಿ ಮಾಡಿದ ಹಾಗೇನೇ.

ನಾನು ಎಡವಿದ್ದೂ ಇಲ್ಲೇ. ಟ್ರಯಲ್ ಬ್ಯಾಲೆನ್ಸ್ ಕೂಡದಿದ್ರೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಲ್ಲ, ಹಾಗೆ ಮಾಡಿದೆ. ಅಜ್ಜಿಯ ಹಾಡು 4/4 ಅಂತ ನಾನೇ ತೀರ್ಮಾನ ಮಾಡಿದ್ದೆ. ಪ್ರತಿ ಮನೆಯಲ್ಲೂ ಅರ್ಧ ಎಣಿಕೆ ಕಮ್ಮಿ ಬೀಳ್ತಿತ್ತು. ಪ್ರತಿ ಸಲ ಕೊನೇ ಸ್ವರವನ್ನ ಸ್ವಲ್ಪ ಎಳೆದು ಮನೆ ತುಂಬಿಸಿದೆ. ಪರದೆ ಮೇಲೆ ಚೆಂದ ಕಾಣ್ತಿತ್ತು. ಅಜ್ಜಿಗೆ ಕೇಳಿಸಿದ್ರೆ ಎರಡು ಸಾಲು ಕೇಳಿ, "ಇದ್ಯಾಕೆ ಹಿಂಗೆ ಕುಂಟ್ತೈತೆ?" ಅಂದ್ರು.

ಆಮೇಲೆ ಕೈ ಬೀಸೋ ಹಾಗೆ ಗಾಳಿಯಲ್ಲಿ ಸುತ್ತಿ ತೋರಿಸಿದ್ರು. ಬೀಸುವ ಕಲ್ಲಿನ ಸುತ್ತು. ಒಂದು ಕಡೆ ಮೂರು, ಇನ್ನೊಂದು ಕಡೆ ನಾಲ್ಕು. ಒಟ್ಟು ಏಳು. ಶಾಸ್ತ್ರೀಯ ಸಂಗೀತದಲ್ಲಿ ಮಿಶ್ರ ಛಾಪು ಅಂತಾರಲ್ಲ, ಅದೇ ಏಳರ ಲೆಕ್ಕ. ಸಾಫ್ಟ್‌ವೇರ್‌ನಲ್ಲಿ 7/8. ನಾನು ಏಳನ್ನ ಎಂಟು ಮಾಡಿ ಕೂರಿಸಿದ್ದೆ. ಅಷ್ಟೂ ಅಳಿಸಿ ಮತ್ತೆ ಮೊದಲಿಂದ ಹಾಕಿದೆ. ಈ ಸಲ ಅಜ್ಜಿ ತಲೆ ಆಡಿಸಿದ್ರು, ಆದರೆ ಪೂರ್ತಿ ಒಪ್ಪಲಿಲ್ಲ.

ತಕರಾರು ಗಾಂಧಾರದ್ದು. ಅಂತರ ಗಾಂಧಾರ ಹಾಕಿದ್ರೆ ಜಾಸ್ತಿ, ಸಾಧಾರಣ ಗಾಂಧಾರ ಹಾಕಿದ್ರೆ ಕಮ್ಮಿ. ಪಿಯಾನೋದಲ್ಲಿ ಇವೆರಡರ ನಡುವೆ ಕೀ ಇಲ್ಲ, ಅಜ್ಜಿಯ ಗಂಟಲಲ್ಲಿ ಇದೆ. ಇದಕ್ಕೂ ದಾರಿ ಇದೆ. ಅರ್ಧ ಸ್ವರದ ಅಂತರವನ್ನ ನೂರು ಭಾಗ ಮಾಡಿ ಒಂದೊಂದಕ್ಕೆ 'ಸೆಂಟ್' ಅಂತಾರೆ. ಸ್ವರ ಆಯ್ಕೆ ಮಾಡಿ, ಪ್ರಾಪರ್ಟೀಸ್‌ನಲ್ಲಿ ಟ್ಯೂನಿಂಗ್ ಅನ್ನೋ ಕಡೆ ಅಂಕಿ ಹಾಕಿದ್ರೆ ಅಷ್ಟು ಸೆಂಟ್ ಮೇಲೋ ಕೆಳಗೋ ನುಡಿಯುತ್ತೆ. ಸಾಧಾರಣ ಗಾಂಧಾರಕ್ಕೆ 20 ಹಾಕಿದೆ, 30 ಹಾಕಿದೆ. 35ಕ್ಕೆ ಬಂದಾಗ ಅಜ್ಜಿ "ಹ್ಞಾ" ಅಂದ್ರು.

ಹಾಡಿನ ಮಾತು ಸೇರಿಸೋಕೆ ಮೊದಲ ಸ್ವರ ಆರಿಸಿ ಕಂಟ್ರೋಲ್-ಎಲ್ ಒತ್ತಿ. ಪದ ಮುಗಿದ್ರೆ ಸ್ಪೇಸ್, ಪದದ ಒಳಗೆ ಬಿಡಿಸಬೇಕಾದ್ರೆ ಅಡ್ಡಗೆರೆ. ಇಂಗ್ಲಿಷ್ ಪದ ಎಲ್ಲಿ ಒಡೀಬೇಕು ಅಂತ ಪುಸ್ತಕ ಎರಡು ಪುಟ ಹೇಳುತ್ತೆ. ನಮಗೆ ಆ ಕಷ್ಟ ಇಲ್ಲ, ಕನ್ನಡದ ಅಕ್ಷರವೇ ಒಡೆದುಕೊಂಡು ಬಂದಿದೆ. ಒತ್ತಕ್ಷರದಲ್ಲಿ ಮಾತ್ರ ಹುಷಾರು: 'ಅಕ್ಕ' ಅನ್ನೋದನ್ನ 'ಅ', 'ಕ್ಕ' ಅಂತಲೇ ಒಡೀಬೇಕು. ಅಕ್ಷರ ಚೌಕ ಚೌಕವಾಗಿ ಕಂಡ್ರೆ ಫಾಂಟ್ ಬದಲಾಯಿಸಿ ನೋಟೋ ಕನ್ನಡ ಹಾಕಿ. ಮಾತು ಟೈಪ್ ಮಾಡಿದ ಮೇಲೆ ಕೀಬೋರ್ಡನ್ನ ಮತ್ತೆ ಇಂಗ್ಲಿಷ್‌ಗೆ ತನ್ನಿ, ಇಲ್ಲಾಂದ್ರೆ ಸ್ವರದ ಕೀಗಳು ಕೆಲಸ ಮಾಡಲ್ಲ. ನಾನು ಇದಕ್ಕೇ ಒಂದು ಸಂಜೆ ಕಳೆದೆ.

ಇನ್ನೊಂದು ಉಪಾಯ: ಮಾತಿನ ಸಾಲಿನಲ್ಲಿದ್ದಾಗ ಎಂಟರ್ ಒತ್ತಿದ್ರೆ ಕೆಳಗೆ ಎರಡನೇ ಸಾಲು ಬರುತ್ತೆ. ಅದು ಇರೋದು ಎರಡನೇ ಚರಣಕ್ಕೆ. ನಾನು ಅಲ್ಲಿ ಸರಿಗಮ ಬರೆದೆ. ಐದು ಗೆರೆ ಓದೋಕೆ ಬಾರದ ಚಿಕ್ಕಮ್ಮನೂ ಈಗ ಆ ಹಾಳೆ ಹಿಡಿದು ಧಾಟಿ ಅಂದಾಜು ಮಾಡ್ತಾರೆ.

ಈಗ ಸೊಲ್ಲು. ಇದೇ ಮುಖ್ಯವಾದದ್ದು. 'ಐ' ಒತ್ತಿ ಇನ್ನೊಂದು ವಾದ್ಯ ಸೇರಿಸಿದ್ರೆ ಕೆಳಗೆ ಎರಡನೇ ಸಾಲು ಬರುತ್ತೆ. ಮೇಲೆ ಅಜ್ಜಿ, ಕೆಳಗೆ ಪಕ್ಕದ ಮನೆ ಅಜ್ಜಿ. ಅಜ್ಜಿಯ ಸಾಲು ಮುಗಿದ ಮೇಲಿನ ಮನೆಯಿಂದ ಸೊಲ್ಲು ಶುರು ಮಾಡಿದೆ, ಹಾಗೆ ತಾನೇ ಇರಬೇಕು? ನುಡಿಸಿದ್ರೆ ಅಜ್ಜಿ ಕೈ ಅಡ್ಡ ಹಿಡಿದ್ರು. "ಅವ್ಳು ನಾನು ಮುಗಿಸೋಗಂಟ ಎಲ್ಲಿ ಕಾಯ್ತಿದ್ಳು? ನಂಗೆ ಉಸ್ರು ಕಮ್ಮಿ ಅಂತ ಮೊದ್ಲೇ ಇಡ್ಕೊಳ್ಳೋಳು."

ಎರಡು ಎಣಿಕೆ ಮೊದಲೇ. ಏಳರಲ್ಲಿ ಆರನೇದಕ್ಕೆ. ಅಜ್ಜಿಯ ಕೊನೇ ಅಕ್ಷರ ಇನ್ನೂ ಎಳೀತಿರುವಾಗಲೇ ಇವರು ಒಳಗೆ ಬರ್ತಿದ್ರು, ಆ ಮರೆಯಲ್ಲಿ ಅಜ್ಜಿ ಉಸಿರು ತಗೊಳ್ತಿದ್ರು. ಚಿಕ್ಕಮ್ಮ, ಅತ್ತಿಗೆಗೆ ರೆಕಾರ್ಡಿಂಗ್ ಕೇಳಿ ಹಿಡಿಯೋಕೆ ಆಗದಿದ್ದದ್ದು ಇದೇ. ಹತ್ತಾರು ಸಲ ಕೇಳಿದ ನನಗೂ ಗೊತ್ತಾಗಿರಲಿಲ್ಲ. ಈ ಸ್ವರ ಯಾವ ಎಣಿಕೆಗೆ ಅಂತ ಸಾಫ್ಟ್‌ವೇರ್ ಹಟ ಹಿಡಿದು ಕೇಳಿತು. ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಅಜ್ಜಿಯನ್ನ ಕೇಳಿದೆ. ನಲವತ್ತು ವರ್ಷದಲ್ಲಿ ಅವರನ್ನ ಯಾರೂ ಅದನ್ನ ಕೇಳಿರಲಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ಬರೆದಿಟ್ಟದ್ದು ನಿಯಮ ಆಗಿಬಿಡಬಹುದು. ಕೆಲವು ಹಾಡಿಗೆ ಅದು ಬೇಕು. ನಾಡಗೀತೆ ನೋಡಿ. 2022ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡ್‌ನಲ್ಲಿ ಹಾಡಬೇಕು ಅಂತ ಆದೇಶ ಮಾಡಿತು. ಅದು ಹೈಕೋರ್ಟ್‌ವರೆಗೂ ಹೋಯ್ತು, 2024ರಲ್ಲಿ ಕೋರ್ಟ್ ಆದೇಶವನ್ನ ಎತ್ತಿಹಿಡಿಯಿತು. ಎಲ್ಲಾ ಶಾಲೆಯಲ್ಲೂ ಒಟ್ಟಿಗೆ ಹಾಡೋ ಹಾಡಿಗೆ ಒಂದು ಅಳತೆ ಬೇಕು, ಒಪ್ತೀನಿ. ನಿಮಿಷಕ್ಕೆ 72 ಎಣಿಕೆ ಅಂತ ಇಟ್ಟರೆ 150 ಸೆಕೆಂಡ್‌ಗೆ 180 ಎಣಿಕೆ, ಲೆಕ್ಕ ಕರಾರುವಾಕ್ಕು. ಆದರೆ ಸೋಬಾನೆಗೆ ಹಾಗೆ ಗೆರೆ ಎಳೆಯೋಕಾಗಲ್ಲ. ಪಕ್ಕದ ಊರಲ್ಲಿ ಬೇರೆ ಥರ ಹಾಡಿದ್ರೆ ಅದು ತಪ್ಪಲ್ಲ. ಅದಕ್ಕೇ ನನ್ನ ಹಾಳೆಯ ಮೇಲೆ 'ಅಜ್ಜಿ ಹಾಡಿದ ಒಂದು ರೀತಿ' ಅಂತ ಬರೆದು, ದಿನಾಂಕ ಹಾಕಿದೀನಿ.

ಇನ್ನೊಂದು, ಫೈಲನ್ನ ಒಂದೇ ಸಾಫ್ಟ್‌ವೇರ್ ನಂಬಿ ಇಡಬೇಡಿ. 1988ರಿಂದ ನಡೀತಿದ್ದ ಫಿನಾಲೆ ಅನ್ನೋ ದೊಡ್ಡ ಸಾಫ್ಟ್‌ವೇರನ್ನ 2024ರ ಆಗಸ್ಟ್‌ನಲ್ಲಿ ನಿಲ್ಲಿಸ್ತೀವಿ ಅಂತ ಅದರ ಕಂಪನಿಯೇ ಹೇಳಿತು. ಎಕ್ಸ್‌ಪೋರ್ಟ್‌ಗೆ ಹೋಗಿ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪದಲ್ಲೂ ಒಂದು ಪ್ರತಿ ಉಳಿಸಿ, ಅದನ್ನ ಬೇರೆ ಸಾಫ್ಟ್‌ವೇರ್‌ಗಳೂ ಓದುತ್ತವೆ. ಪಿಡಿಎಫ್ ಒಂದು. ಕಾಗದದ ಮೇಲೆ ಪ್ರಿಂಟ್ ಒಂದು. ನಮ್ಮ ಮನೆಯ ಪ್ರಿಂಟ್ ಬೀರುವಿನಲ್ಲಿ, ಜಮೀನು ಪತ್ರದ ಜೊತೆ ಇದೆ.

ಕೊನೆಗೆ ಏನಾಯ್ತು ಅಂತ ಹೇಳಿ ಮುಗಿಸ್ತೀನಿ. ಹೋದ ಭಾನುವಾರ ಮಿಕ್ಸರ್‌ನಲ್ಲಿ ಮೇಲಿನ ಸಾಲನ್ನ ಮ್ಯೂಟ್ ಮಾಡಿ, ಸೊಲ್ಲು ಮಾತ್ರ ಕೊಳಲಿನ ದನಿಯಲ್ಲಿ ಇಟ್ಟೆ. ಅಜ್ಜಿ ಹೇಳಿಕೊಡೋಕೆ ಶುರು ಮಾಡಿದ್ರು. ಒಂದು ವರ್ಷದ ಮೇಲೆ. ಎರಡು ಚರಣ ಚೆನ್ನಾಗಿ ಬಂತು. ಮೂರನೇದರಲ್ಲಿ ಅಜ್ಜಿಗೆ ಕೆಮ್ಮು ಬಂತು, ಯಂತ್ರ ಕಾಯಲಿಲ್ಲ, ಮುಂದೆ ಹೋಗಿಬಿಟ್ಟಿತು. ನಾನು ನಿಲ್ಲಿಸಿದೆ. ಅಷ್ಟರಲ್ಲಿ ಅಡುಗೆಮನೆಯಿಂದ ಚಿಕ್ಕಮ್ಮ ಸೊಲ್ಲು ಹಿಡಿದ್ರು. ಅಜ್ಜಿ ಕೆಮ್ಮು ಮುಗಿಸೋವರೆಗೂ ಅದೇ ಸಾಲನ್ನ ಎರಡು ಸಲ ಹಾಡಿ ಕಾದ್ರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ನಿಮ್ಮ ಮನೆಯಲ್ಲೂ ಹಾಡೋರು ಇದ್ರೆ, ಸಾಫ್ಟ್‌ವೇರ್ ಆಮೇಲೆ ನೋಡಿಕೊಳ್ಳಿ. ಎದುರಿಗೆ ಕೂತು ಮೊದಲು ಒಂದು ಪ್ರಶ್ನೆ ಕೇಳಿ: ಸೊಲ್ಲು ಎಲ್ಲಿಂದ ಹಿಡೀಬೇಕು? ಬ್ಯಾಟರಿ ಶೇಕಡಾ 9 ತೋರಿಸ್ತಿದೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.