ನರಕೋಶಗಳ ನಡುವಿನ ಅಂತರ ಮತ್ತು ನಸುಗುನ್ನಿ

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕುಳಿತ ಕೆಲವೇ ಕ್ಷಣಗಳಲ್ಲಿ ಕೈ ತಾನಾಗಿ ನಡುಗತೊಡಗುತ್ತದೆ ಎಂದು ಹಿರಿಯ ಭಕ್ತರೊಬ್ಬರು ನನ್ನಲ್ಲಿ ಹೇಳಿಕೊಂಡರು. ನರರೋಗ ತಜ್ಞರು ಅದನ್ನು ಪಾರ್ಕಿನ್ಸನ್ ಕಾಯಿಲೆಯೆಂದು ಗುರುತಿಸಿ ಲೆವೊಡೋಪಾ ಮಾತ್ರೆ ಕೊಟ್ಟಿದ್ದರು. ಯಾರದೋ ಸಲಹೆಯಂತೆ ಇವರು ನಸುಗುನ್ನಿ ಬೀಜದ ಚೂರ್ಣವನ್ನೂ ಹಾಲಿನಲ್ಲಿ ಸೇವಿಸುತ್ತಿದ್ದರು. ತಜ್ಞರಿಗೆ ಅದನ್ನು ತಿಳಿಸಿರಲಿಲ್ಲ. “ಗಿಡಮೂಲಿಕೆಯಲ್ಲವೇ ಡಾಕ್ಟರೇ, ಅದರಿಂದೇನು ಬಾಧಕ?” ಎಂದು ಕೇಳಿದರು. ಇದಕ್ಕೆ ಉತ್ತರಿಸಲು ನರಕೋಶಗಳು ಪರಸ್ಪರ ಸಂದೇಶ ಮುಟ್ಟಿಸುವ ಬಗೆಯನ್ನು ಮೊದಲು ಅರಿಯಬೇಕು.

ನರವ್ಯೂಹವು ಮಿದುಳಿನಿಂದ ಅಂಗಾಲಿನವರೆಗೆ ಎಳೆದ ಅಖಂಡ ತಂತಿಯೆಂದು ಅನೇಕರ ಭಾವನೆ. ಹಾಗಿಲ್ಲ. ಒಂದು ನರಕೋಶದ ತುದಿಗೂ ಮುಂದಿನ ಕೋಶಕ್ಕೂ ನಡುವೆ ಸುಮಾರು 20 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರನ್ನು 50,000 ಪಾಲು ಮಾಡಿದರೆ ಒಂದು ಪಾಲಿನಷ್ಟು, ತೆರಪು ಇರುತ್ತದೆ. ಈ ಸಂಧಿಸ್ಥಾನವೇ ಸಿನಾಪ್ಸ್. ಕೋಶದುದ್ದಕ್ಕೂ ವಿದ್ಯುತ್ ರೂಪದಲ್ಲಿ ಹರಿದು ಬಂದ ಸಂದೇಶ ಬಹುತೇಕ ಸಂಧಿಗಳಲ್ಲಿ ಈ ತೆರಪನ್ನು ದಾಟಲಾರದು. ಆಗ ಕ್ಯಾಲ್ಸಿಯಂ ಕಣಗಳು ತುದಿಯೊಳಗೆ ಪ್ರವೇಶಿಸುತ್ತವೆ. ಅಲ್ಲಿರುವ ಸೂಕ್ಷ್ಮ ಚೀಲಗಳು ತೆರೆದುಕೊಂಡು ತಮ್ಮಲ್ಲಿನ ರಾಸಾಯನಿಕವನ್ನು ಹೊರಸೂಸುತ್ತವೆ. ಅದು ಆಚೆಯ ಕೋಶದ ಗ್ರಾಹಕಗಳನ್ನು ಸೇರಿ ಆ ಕೋಶವನ್ನು ಉದ್ದೀಪಿಸುತ್ತದೆ ಇಲ್ಲವೇ ತಡೆಯುತ್ತದೆ. ಇದೆಲ್ಲ ನಡೆಯುವುದು ಕ್ಷಣಾರ್ಧಕ್ಕಿಂತಲೂ ಕಡಿಮೆ ಅವಧಿಯಲ್ಲಿ.

ಇಂತಹ ರಾಸಾಯನಿಕಗಳಲ್ಲಿ ಡೋಪಮೈನ್ ಒಂದು. ಚಲನೆಯಲ್ಲಿ ಅದರ ಪಾತ್ರ ಬೆಳಕಿಗೆ ಬಂದುದು ನಮ್ಮ ಸರ್ಪಗಂಧದ ನೆರವಿನಿಂದ ಎಂಬುದನ್ನು ಹೇಳದೆ ಮುಂದೆ ಹೋಗಲು ವೈದ್ಯನಾದ ನನಗೆ ಮನಸ್ಸಾಗದು. ಆ ಬೇರಿನಿಂದ 1952ರಲ್ಲಿ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಲಾಯಿತು. ಅದು ನರತುದಿಯ ಚೀಲಗಳನ್ನು ಬರಿದುಮಾಡುತ್ತದೆ. ಸ್ವೀಡನ್ನಿನ ಆರ್ವಿಡ್ ಕಾರ್ಲ್ಸನ್ ಅದನ್ನು ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋಲುಬಿಟ್ಟು ನಿಶ್ಚಲವಾದವು. ಡೋಪಾ ಕೊಟ್ಟೊಡನೆ ಚೇತರಿಸಿಕೊಂಡು ಓಡಾಡಿದವು. 1957ರಲ್ಲಿ ಪ್ರಕಟವಾದ ಈ ಸಂಶೋಧನೆಯ ದಾರಿಯಲ್ಲಿ ಸಾಗಿದ ಕಾರ್ಲ್ಸನ್‌ರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ಕೋಶಗಳೇ ಕ್ರಮೇಣ ನಶಿಸುತ್ತವೆ. ಡೋಪಮೈನನ್ನು ನೇರವಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳನ್ನು ಪ್ರವೇಶಿಸದು. ಲೆವೊಡೋಪಾ ಪ್ರವೇಶಿಸಿ ಅಲ್ಲಿ ಡೋಪಮೈನ್ ಆಗಿ ಮಾರ್ಪಡುತ್ತದೆ. ನಸುಗುನ್ನಿ, ಅಂದರೆ ಕಪಿಕಚ್ಛು ಬೀಜದಲ್ಲಿರುವುದೂ ಇದೇ ಲೆವೊಡೋಪಾ. ಅದನ್ನು 1937ರಲ್ಲೇ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಬೇರ್ಪಡಿಸಿದ್ದರು.

ಹೀಗೆ ನಮ್ಮ ಭಕ್ತರು ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ಸೇವಿಸುತ್ತಿದ್ದರು. ಮಾತ್ರೆಯಲ್ಲಿ ಅದರ ಪ್ರಮಾಣ ನಿಶ್ಚಿತ. ಚೂರ್ಣದಲ್ಲಿ ಬೀಜದಿಂದ ಬೀಜಕ್ಕೆ ಬೇರೆ. ಪ್ರಮಾಣ ಮೀರಿದರೆ ವಾಕರಿಕೆ, ಎದ್ದು ನಿಂತಾಗ ತಲೆಸುತ್ತು, ಅಂಗಗಳ ಅನೈಚ್ಛಿಕ ಚಲನೆ, ಕೆಲವರಲ್ಲಿ ಇಲ್ಲದ್ದು ಕಣ್ಣಿಗೆ ಕಾಣುವುದೂ ಉಂಟು. ಹಾಲಿನ ಪ್ರೋಟೀನು ಲೆವೊಡೋಪಾ ಹೀರಿಕೆಗೆ ಅಡ್ಡಿಯಾಗುವುದರಿಂದ ಫಲವೂ ದಿನಕ್ಕೊಂದು ಬಗೆ. ಕಪಿಕಚ್ಛುವಿನ ಗುಣವನ್ನು ನಾನು ಅಲ್ಲಗಳೆಯುತ್ತಿಲ್ಲ. ಗುಣವಿದೆಯೆಂದೇ ಲೆಕ್ಕವೂ ಬೇಕು. ಚೂರ್ಣವನ್ನು ನಂಬಿ ಮಾತ್ರೆಯನ್ನು ಥಟ್ಟನೆ ಬಿಡುವುದಂತೂ ಇನ್ನೂ ಅಪಾಯಕರ: ತೀವ್ರ ಜ್ವರ, ಮೈ ಸೆಟೆಯುವಿಕೆ ಉಂಟಾಗಿ ಪ್ರಾಣಕ್ಕೇ ಎರವಾಗಬಹುದು.

ಆ ಹಿರಿಯರು ಚೂರ್ಣದ ಡಬ್ಬಿಯನ್ನೇ ತಜ್ಞರ ಬಳಿ ಒಯ್ದು ತೋರಿಸಿದರು. ಈಗ ಅವರ ಸೂಚನೆಯಂತೆ ಮಾತ್ರೆಯನ್ನು ಮಾತ್ರ, ಬೆಳಗಿನ ಪೂಜೆಗೆ ಒಂದು ಗಂಟೆ ಮೊದಲು, ಬರಿಯ ನೀರಿನಲ್ಲಿ ತೆಗೆದುಕೊಳ್ಳುತ್ತಿದ್ದಾರೆ.